ಡಾರ್ಸಿಯನ್ನು ಕಲಬುರಗಿಗೆ ಕರೆತರುವುದು ಹೇಗೆ?

ಐವರು ಹೆಣ್ಣುಮಕ್ಕಳ ಮನೆ. ವರ ಹುಡುಕಲು ತುದಿಗಾಲಲ್ಲಿ ನಿಂತ ತಾಯಿ, ಪುಸ್ತಕದ ಕೋಣೆ ಬಿಟ್ಟು ಹೊರಗೆ ಬಾರದ ತಂದೆ, ಊರಿಗೆ ಬಂದಿಳಿದ ಇಬ್ಬರು ಸ್ಥಿತಿವಂತ ಹುಡುಗರು. ಜೇನ್ ಆಸ್ಟಿನ್ 1813ರಲ್ಲಿ ಪ್ರಕಟಿಸಿದ ‘ಪ್ರೈಡ್ ಆ್ಯಂಡ್ ಪ್ರೆಜುಡಿಸ್’ ಕಾದಂಬರಿಯ ಈ ಸಂಸಾರವನ್ನು ಆಳಂದದಲ್ಲೋ ಶಹಾಪುರದಲ್ಲೋ ಇಟ್ಟರೆ ಯಾರೂ ಇವರು ಹೊರಗಿನವರು ಅನ್ನುವುದಿಲ್ಲ. ಮೊಬೈಲಿನಲ್ಲಿ ಧಾರಾವಾಹಿ ಬರೆಯುವವರಿಗೆ ಇದು ಸುಲಭದ ಸರಕಾಗಿ ಕಾಣುವುದು ಅದಕ್ಕೇ. ನಾಯಕಿ ಎಲಿಜಬೆತ್‌ಗೆ ಸುವರ್ಣಾ ಎಂದೂ ನಾಯಕ ಡಾರ್ಸಿಗೆ ಶಶಿಧರ ಎಂದೂ ಹೆಸರಿಟ್ಟು ಐದಾರು ಕಂತು ಓಡಿಸುತ್ತಾರೆ. ಆಮೇಲೆ ಕಥೆ ಕೆಸರಿನಲ್ಲಿ ಸಿಕ್ಕ ಬಂಡಿಯಂತೆ ನಿಂತುಬಿಡುತ್ತದೆ.

ಕಾರಣ ಇಷ್ಟೇ. ಪ್ರೇಮಕಥೆ ಓಡುವುದು ಇಬ್ಬರ ನಡುವಿನ ಅಡ್ಡಿಯ ಬಲದಿಂದ. ಇಂಗ್ಲೆಂಡಿನ ಅಡ್ಡಿಗಳಲ್ಲಿ ಅರ್ಧದಷ್ಟು ನಮ್ಮಲ್ಲಿ ಅಡ್ಡಿಯೇ ಅಲ್ಲ, ಇನ್ನು ಕೆಲವು ಇಲ್ಲಿಗೆ ಬಂದರೆ ನಗೆಪಾಟಲಾಗುತ್ತವೆ. ಅವನ್ನು ಇಲ್ಲಿನ ಹೊಲ, ಬೀಗತನ, ಕಾಯ್ದೆಗಳ ಮೇಲೆ ಮತ್ತೆ ಕಟ್ಟಬೇಕು. ಬರವಣಿಗೆಯ ಮುಕ್ಕಾಲು ಶ್ರಮ ಇಲ್ಲೇ ಹೋಗುತ್ತದೆ, ಹೋಗಲೂ ಬೇಕು.

1. ಮೊದಲು ಹಕ್ಕು ನೋಡಿ

ನಮ್ಮ ಕೃತಿಸ್ವಾಮ್ಯ ಕಾಯ್ದೆ 1957ರದು. ಅದರ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ ಲೆಕ್ಕ ಹಿಡಿದು 60 ವರ್ಷ ಹಕ್ಕು ಉಳಿಯುತ್ತದೆ. 1965ರಲ್ಲಿ ತೀರಿಕೊಂಡವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು 2026ರ ಜನವರಿ 1ಕ್ಕೆ ಮುಕ್ತ. ಆಸ್ಟಿನ್ ತೀರಿಕೊಂಡದ್ದು 1817ರಲ್ಲಿ, ಆ ಚಿಂತೆ ಇಲ್ಲ. ಕನ್ನಡದ್ದೇ ಬೇಕೆಂದರೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899) ಇದೆ.

ಎಡವುವುದು ಬೇರೆ ಎರಡು ಕಡೆ. ಮೂಲ ಮುಕ್ತವಾಗಿದ್ದರೂ ಅದರ ಕನ್ನಡ ಅನುವಾದದ ಹಕ್ಕು ಅನುವಾದಕರದು, ಅದರ ವಾಕ್ಯಗಳನ್ನು ಎತ್ತುವಂತಿಲ್ಲ. ಇನ್ನೊಂದು ಸಿನಿಮಾ, ಧಾರಾವಾಹಿಗಳದು. ಡಾರ್ಸಿ ಕೆರೆಗೆ ಧುಮುಕಿ ಒದ್ದೆ ಅಂಗಿಯಲ್ಲಿ ಎದುರಾಗುವುದು 1995ರ ಬಿಬಿಸಿ ಧಾರಾವಾಹಿಯಲ್ಲಿ, ಪುಸ್ತಕದಲ್ಲಿ ಅಂಥದ್ದಿಲ್ಲ. ಪರದೆ ಮೇಲೆ ನೋಡಿದ ನೆನಪಿನಿಂದ ಬರೆಯಬೇಡಿ, ಪುಸ್ತಕ ತೆರೆದಿಟ್ಟುಕೊಂಡು ಬರೆಯಿರಿ.

2. ಅಧ್ಯಾಯಗಳ ಅಳತೆ ತೆಗೆಯಿರಿ

ಕಾದಂಬರಿಯಲ್ಲಿ 61 ಅಧ್ಯಾಯ. ಮೂರನೆಯದರಲ್ಲಿ ಡಾರ್ಸಿಯ ಚುಚ್ಚುಮಾತು, 16ರಲ್ಲಿ ಡಾರ್ಸಿಯ ಬಗ್ಗೆ ಸಿಹಿಮಾತಿನ ಸೇನಾಧಿಕಾರಿ ವಿಕಮ್ ಹೇಳುವ ಸುಳ್ಳು, 34ರಲ್ಲಿ ಡಾರ್ಸಿ ಮದುವೆಗೆ ಕೇಳಿ ಎಲಿಜಬೆತ್ ತಿರಸ್ಕರಿಸುವುದು, 35ರಲ್ಲಿ ಅವನ ಪತ್ರ, 43ರಲ್ಲಿ ಅವನ ಮನೆಯಲ್ಲೇ ಆಕಸ್ಮಿಕ ಭೇಟಿ, 46ರಲ್ಲಿ ಎಲಿಜಬೆತ್‌ಳ ತಂಗಿ ಲಿಡಿಯಾ ವಿಕಮ್ ಜೊತೆ ಓಡಿಹೋದ ಸುದ್ದಿ, 58ರಲ್ಲಿ ಎರಡನೇ ಸಲ ಕೇಳುವುದು. ನಿಮ್ಮದು 40 ಕಂತಿನ ಧಾರಾವಾಹಿಯಾದರೆ ತಿರಸ್ಕಾರ 22ನೇ ಕಂತಿಗೆ, ಆಕಸ್ಮಿಕ ಭೇಟಿ 28ಕ್ಕೆ, ಓಡಿಹೋಗುವುದು 30ಕ್ಕೆ, ಒಪ್ಪಿಗೆ 38ಕ್ಕೆ ಬೀಳುತ್ತದೆ. ಕಂತಿಗೆ 1,500 ಪದ ಅಂದರೆ ಒಟ್ಟು 60,000.

ಈ ಅಳತೆ ಗೋಡೆಗೆ ಅಂಟಿಸಿಕೊಳ್ಳಿ. ಹತ್ತನೇ ಕಂತಿಗೇ ಓದುಗರು ‘ಲಗೂನ ಇಬ್ಬರ್ನೂ ಒಂದ್ ಮಾಡ್ರಿ’ ಎಂದು ಬರೆಯತೊಡಗುತ್ತಾರೆ. ಅವರ ಮಾತು ಕೇಳಿ 15ಕ್ಕೇ ಒಂದು ಮಾಡಿದರೆ ಉಳಿದ 25 ಕಂತಿಗೆ ಹೊಸ ಖಳನಾಯಕಿ ಬೇಕಾಗುತ್ತಾಳೆ, ಕಥೆ ಟಿವಿ ಧಾರಾವಾಹಿಯ ದಾರಿ ಹಿಡಿಯುತ್ತದೆ.

ಐವರು ಅಕ್ಕತಂಗಿಯರು ಕಂತುಕಂತಾಗಿ ಓದುವವರ ನೆನಪಿನಲ್ಲಿ ನಿಲ್ಲುವುದಿಲ್ಲ. ಮೂವರು ಸಾಕು: ಹಿರಿಯಕ್ಕ, ನಾಯಕಿ, ಓಡಿಹೋಗುವವಳು.

3. ಆಸ್ತಿ ಮತ್ತು ಬೀಗತನ: ಇಲ್ಲೇ ಕಥೆ ಮುರಿಯುವುದು

ಮೂಲದಲ್ಲಿ ಗಂಡುಮಕ್ಕಳಿಲ್ಲದ ತಂದೆಯ ಆಸ್ತಿ ದೂರದ ಸಂಬಂಧಿ ಕಾಲಿನ್ಸ್‌ಗೆ ಹೋಗುತ್ತದೆ. ತಾಯಿಯ ಗಡಿಬಿಡಿಗೆಲ್ಲ ಅದೇ ಕಾರಣ. ಇದನ್ನು ಇವತ್ತಿನ ಜೇವರ್ಗಿಗೆ ಹಾಗೇ ತಂದರೆ ಕಾಯ್ದೆ ಬಲ್ಲ ಓದುಗ ಎರಡನೇ ಕಂತಿಗೇ ಕೈಬಿಡುತ್ತಾನೆ, ಏಕೆಂದರೆ 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು.

ಆದರೆ ಕಾಯ್ದೆಯಲ್ಲಿ ಇದ್ದದ್ದು ಕೈಗೆ ಬಂತೇ? ನಿಮ್ಮ ಕಥೆ ಇರುವುದು ಆ ಸಂದಿಯಲ್ಲಿ. ಅಜ್ಜನ ಕಾಲದಿಂದ ವಾಟ್ನಿ (ಆಸ್ತಿ ಪಾಲು) ಆಗಿಲ್ಲ, ಪಹಣಿ ಇನ್ನೂ ಜಂಟಿ ಹೆಸರಿನಲ್ಲಿದೆ, ಹೊಲ ಮಾರಬೇಕಾದರೆ ಎಲ್ಲರ ಸಹಿ ಬೇಕು, ಒಬ್ಬರು ಸಹಿ ಹಾಕುವುದಿಲ್ಲ. ಅಥವಾ ಹೆಣ್ಣುಮಕ್ಕಳ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟು ‘ತವರುಮನಿ ಬೇಕೋ ಹೊಲ ಬೇಕೋ’ ಅನ್ನುತ್ತಾರೆ. ಇಂಗ್ಲೆಂಡಿನ ನಿಯಮಕ್ಕಿಂತ ಇದು ಗಟ್ಟಿ ಅಡ್ಡಿ, ಏಕೆಂದರೆ ಒತ್ತಾಯಿಸುವವರು ಮನೆಯವರೇ.

ಎರಡನೇ ತೊಡಕು ಕಾಲಿನ್ಸ್‌ನದೇ. ಅವನು ಎಲಿಜಬೆತ್‌ಳನ್ನು ಮದುವೆಗೆ ಕೇಳುತ್ತಾನೆ. ಆಸ್ತಿ ಅವನಿಗೆ ಬರುವುದು ಗಂಡು ಸಾಲಿನಿಂದ, ಅಂದರೆ ನಮ್ಮ ಲೆಕ್ಕದಲ್ಲಿ ಅವನು ದಾಯಾದಿ, ಹುಡುಗಿಗೆ ಅಣ್ಣನಾಗಬೇಕು. ಅಣ್ಣ ಬಂದು ತಂಗಿಯನ್ನು ಕೇಳಿದರೆ ಓದುಗರು ಮುಖ ಸಿಂಡರಿಸುತ್ತಾರೆ. ಅವನನ್ನು ಸೋದರತ್ತೆಯ ಮಗನನ್ನಾಗಿ ಮಾಡಿ, ಎರಡೂ ಗಂಟು ಒಟ್ಟಿಗೆ ಬಿಡುತ್ತವೆ. ಅತ್ತೆಗೆ ಹೊಲದಲ್ಲಿ ಪಾಲಿದೆ, ಸಹಿ ಹಾಕದವಳು ಅವಳೇ. ‘ಸುವರ್ಣಾನ್ನ ನನ್ ಮಗಗ ಕೊಡ್ರಿ, ಮನಿ ಹೊಲ ಮನ್ಯಾಗೇ ಉಳೀತದ’ ಅನ್ನುವ ಅವಳ ಒಂದು ಮಾತಿನಲ್ಲಿ ಇಡೀ ಕಥೆಯ ಬಿಗಿ ಬಂದುಬಿಡುತ್ತದೆ.

ಲೇಡಿ ಕ್ಯಾಥರೀನ್ ಕಥೆಯೂ ಇದೇ. ಅವಳು ಡಾರ್ಸಿಯ ತಾಯಿಯ ಅಕ್ಕತಂಗಿ, ತನ್ನ ಮಗಳನ್ನು ಅವನಿಗೇ ಕೊಡಬೇಕು ಎಂದು ಹಟ ಹಿಡಿದವಳು. ನಮ್ಮಲ್ಲಿ ದೊಡ್ಡಮ್ಮ, ಚಿಕ್ಕಮ್ಮನ ಮಗಳು ತಂಗಿ. ಅವಳನ್ನೂ ತಂದೆಯ ಅಕ್ಕನನ್ನಾಗಿಸಿ. ‘ತಮ್ಮನ ಮಗ ನಮ್ ಹುಡುಗಿಗೇ’ ಎಂದು ತೊಟ್ಟಿಲಲ್ಲೇ ಮಾತಾದ ಸಂಬಂಧಕ್ಕೆ ಇಲ್ಲಿ ವಿವರಣೆ ಬೇಡ.

ಮುಸ್ಲಿಂ ಕುಟುಂಬದ ಕಥೆ ಬರೆಯುವವರಿಗೆ ಈ ತೊಂದರೆಗಳೇ ಇಲ್ಲ. ಕಲಬುರಗಿಯ ಬಂದೇ ನವಾಜ್ ದರ್ಗಾದ ಸುತ್ತಲಿನ ಓಣಿಯಲ್ಲಿ ಮನೆ ಇಟ್ಟರೆ ತಾಯಿಯ ತಂಗಿಯ ಮಗಳ ಸಂಬಂಧವೂ ನಡೆಯುತ್ತದೆ, ತಂದೆಯ ಅಣ್ಣನ ಮಗನ ಸಂಬಂಧವೂ ನಡೆಯುತ್ತದೆ. ಆಸ್ತಿಯ ಲೆಕ್ಕವೂ ಮೂಲಕ್ಕೆ ಹತ್ತಿರ. ಸುನ್ನಿಗಳ ಹನಫಿ ಪಂಥದ ನಿಯಮದಂತೆ ಗಂಡುಮಕ್ಕಳಿಲ್ಲದೆ ಇಬ್ಬರು ಅಥವಾ ಹೆಚ್ಚು ಹೆಣ್ಣುಮಕ್ಕಳಿದ್ದರೆ ಅವರೆಲ್ಲರಿಗೆ ಸೇರಿ ಮೂರರಲ್ಲಿ ಎರಡು ಪಾಲು, ಹೆಂಡತಿಗೆ ಎಂಟರಲ್ಲಿ ಒಂದು. ಬೇರೆ ಹತ್ತಿರದ ವಾರಸುದಾರರಿಲ್ಲದಿದ್ದರೆ ಉಳಿದ 24ರಲ್ಲಿ 5 ಪಾಲು ಗಂಡು ಸಾಲಿನ ಸಂಬಂಧಿಗೆ. ಮನೆ, ಅಂಗಡಿಯಂಥ ಆಸ್ತಿ ಇಟ್ಟುಕೊಳ್ಳಿ, ಲೆಕ್ಕ ಸರಳ. ಅಂಗಡಿಯಲ್ಲಿ 24ಕ್ಕೆ 5 ಪಾಲು ಹಿಡಿದು ಬಾಗಿಲಲ್ಲಿ ನಿಂತ ಸಂಬಂಧಿಗಿಂತ ಒಳ್ಳೆಯ ಕಾಲಿನ್ಸ್ ಸಿಗುವುದಿಲ್ಲ.

4. ದೃಶ್ಯಗಳಿಗೆ ಜಾಗ ಹುಡುಕಿ

ನೃತ್ಯಕೂಟವನ್ನು ಹೋಟೆಲಿನ ಡಿಜೆ ಪಾರ್ಟಿ ಮಾಡುವುದು ಸೋಮಾರಿತನ. ಬೇರೆಬೇರೆ ಮನೆತನದವರು, ಪ್ರಾಯದ ಹುಡುಗ-ಹುಡುಗಿಯರು ಸಂಕೋಚವಿಲ್ಲದೆ ಒಂದೆಡೆ ಸೇರುವ ಸಂದರ್ಭ ಇಲ್ಲಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹೊಲದ ಹಬ್ಬ. ಹೊಲಕ್ಕೆ ಬೀಗರು, ಗೆಳೆಯರು, ಆಫೀಸಿನವರು ಎಲ್ಲರೂ ಬರುತ್ತಾರೆ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಆಗಿದೆ, ತೊಗರಿ ಸಾಲಿನ ಪಕ್ಕ ಪಂಕ್ತಿ ಕೂತಿದೆ. ಶಶಿಧರ ಮಾತ್ರ ಮರದ ಕೆಳಗೆ ಹೊರಸಿನ ಮೇಲೆ ಮೊಬೈಲ್ ಹಿಡಿದು ಕೂತಿದ್ದಾನೆ. ಗೆಳೆಯ ಕರೆದು, ಹುಡುಗಿಯ ಕಡೆ ಕಣ್ಣು ಮಾಡಿ ತೋರಿಸುತ್ತಾನೆ. ಇವನು ತಲೆ ಎತ್ತದೆ, ‘ಅಷ್ಟೇನಿಲ್ಲ ಬಿಡು, ನಡೀತದ’ ಅನ್ನುತ್ತಾನೆ. ಹಿಂದೆಯೇ ರೊಟ್ಟಿ ಬುಟ್ಟಿ ಹಿಡಿದು ಬಂದ ಸುವರ್ಣಾಗೆ ಅದು ಕೇಳಿಸುತ್ತದೆ. ಅವಳು ಅಳುವುದಿಲ್ಲ, ಓಡುವುದಿಲ್ಲ. ಊಟಕ್ಕೆ ಕೂತಾಗ ಅವನು ‘ಭಜ್ಜಿ ಭಾಳ ಛಲೋ ಆಗ್ಯಾದ’ ಅಂದರೆ, ‘ಅಷ್ಟೇನಿಲ್ರಿ, ನಡೀತದ’ ಎಂದು ಇನ್ನೊಂದು ಸೌಟು ಹಾಕಿ ಮುಂದೆ ಹೋಗುತ್ತಾಳೆ. ಮೂಲದಲ್ಲೂ ಎಲಿಜಬೆತ್ ಆ ಅವಮಾನವನ್ನು ಗೆಳತಿಯರ ಮುಂದೆ ನಗೆಮಾತಾಗಿ ಹೇಳಿಕೊಂಡು ಓಡಾಡುತ್ತಾಳೆ. ಅವಳ ಆ ಗುಣ ಹೋದರೆ ಪಾತ್ರವೇ ಹೋಯಿತು.

ಡಾರ್ಸಿಯ ಪತ್ರವನ್ನು ವಾಟ್ಸ್ಆ್ಯಪ್ ಮೆಸೇಜ್ ಮಾಡಬೇಡಿ. ತಿರಸ್ಕರಿಸಿದವಳು ಅವನನ್ನು ಬ್ಲಾಕ್ ಮಾಡಿರುತ್ತಾಳೆ, ಇಲ್ಲವೇ ಎರಡು ಸಾಲು ಓದಿ ಜಗಳದ ಉತ್ತರ ಕಳಿಸುತ್ತಾಳೆ. 36ನೇ ಅಧ್ಯಾಯ ಇಡೀ ಅವಳು ಅದನ್ನೇ ತಿರುತಿರುಗಿ ಓದುವುದು, ಪ್ರತಿ ಓದಿಗೂ ತನ್ನ ತಪ್ಪು ಕಾಣುತ್ತ ಹೋಗುವುದು. ಉತ್ತರ ಕೊಡಲಾಗದ ಪತ್ರವೇ ಬೇಕು. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಲಕೋಟೆ ಕೊಡಿಸಿ, ಬೀದರ್ ಬಸ್ಸು ಬಿಡಿ. ಹುಮನಾಬಾದ್ ಬರುವಷ್ಟರಲ್ಲಿ ಮೊದಲ ಓದು ಸಿಟ್ಟಿನದು, ಬೀದರ್ ಕೋಟೆ ಕಾಣುವಷ್ಟರಲ್ಲಿ ಎರಡನೆಯದು ನಾಚಿಕೆಯದು.

ಲಿಡಿಯಾ ಮೂಲದಲ್ಲಿ ಬರುವಾಗ ಹದಿನೈದರವಳು. ಇಲ್ಲಿ ಅವಳಿಗೆ 18 ತುಂಬಿರಲೇಬೇಕು, ಮೊದಲ ಕಂತಿನಲ್ಲೇ ಪದವಿ ಕಾಲೇಜಿನ ಎರಡನೇ ವರ್ಷ ಎಂದು ಹೇಳಿಬಿಡಿ. ಇಲ್ಲದಿದ್ದರೆ ಅದು ಪೋಕ್ಸೊ ಮತ್ತು ಬಾಲ್ಯವಿವಾಹದ ಪ್ರಕರಣವಾಗುತ್ತದೆ, ಕೊನೆಗೆ ವಿಕಮ್‌ಗೇ ಮದುವೆ ಮಾಡಿಸುವುದಂತೂ ಸಹಿಸಲಾಗದ ಮಾತು.

ವಿಕಮ್‌ನ ಬಣ್ಣ ಒಂದು ಫೋನ್ ಕರೆಗೇ ಬಯಲಾಗುವ ಕಾಲ ಇದು. ಉತ್ತರ ಮೂಲದಲ್ಲೇ ಇದೆ: ಅವನು ಡಾರ್ಸಿಯ ತಂಗಿಯನ್ನು ಓಡಿಸಿಕೊಂಡು ಹೋಗಲು ನೋಡಿದ್ದ, ತಂಗಿಯ ಮಾನಕ್ಕಾಗಿ ಅಣ್ಣ ಬಾಯಿ ಕಟ್ಟಿಕೊಂಡಿದ್ದಾನೆ. ನಮ್ಮೂರಿನಲ್ಲೂ ಅಂಥ ಬಾಯಿ ಸುಲಭಕ್ಕೆ ಬಿಚ್ಚುವುದಿಲ್ಲ.

5. ಮಾತು

ನಿರೂಪಣೆ ಗ್ರಾಂಥಿಕದಲ್ಲಿರಲಿ, ಸಂಭಾಷಣೆ ಆಡುಮಾತಿನಲ್ಲಿರಲಿ. ಎರಡನ್ನೂ ಆಡುಮಾತಿನಲ್ಲೇ ಬರೆದರೆ ಮೈಸೂರು ಕಡೆಯ ಓದುಗರಿಗೆ ಹೆಚ್ಚು ಹೊತ್ತು ಓದಲಾಗುವುದಿಲ್ಲ. ಧಾರವಾಡದ ಮಾತನ್ನು ಕಲಬುರಗಿಯದೆಂದು ಬರೆಯುವುದು ಸಾಮಾನ್ಯವಾದ ತಪ್ಪು. ಕಲಬುರಗಿ, ಬೀದರ್ ಕಡೆ ಹೆಚ್ಚಾಗಿ ‘ಅದ’, ‘ಬರ್ಲತ್ತೀನಿ’. ‘ಐತಿ’, ‘ಬರಾಕತ್ತೇನಿ’ ಬಂದರೆ ಇಲ್ಲಿಯವರಿಗೆ ತಕ್ಷಣ ಗೊತ್ತಾಗುತ್ತದೆ. ಪಾತ್ರಕ್ಕೊಂದು ಹಾಳೆ ಇಟ್ಟು, ಯಾರು ಯಾರನ್ನು ‘ರೀ’ ಹಚ್ಚಿ ಕರೆಯುತ್ತಾರೆ ಎಂದು ಬರೆದುಕೊಳ್ಳಿ. ಸುವರ್ಣಾ ಯಾವ ಕಂತಿನಲ್ಲಿ ‘ರೀ’ ಬಿಡುತ್ತಾಳೆ ಎನ್ನುವುದನ್ನು ಮೊದಲೇ ತೀರ್ಮಾನಿಸಿ. ಸಿಟ್ಟಿನಲ್ಲಿ ಬಿಟ್ಟರೆ 22ಕ್ಕೆ, ಸಲುಗೆಯಲ್ಲಿ ಬಿಟ್ಟರೆ 38ಕ್ಕೆ.

6. ಓದುಗರ ಮುಂದೆ ಇಡುವುದು

ಪ್ರತಿಲಿಪಿಯಂಥ ಆ್ಯಪ್‌ನಲ್ಲಿ ಹಾಕುವ ಮೊದಲು ಹತ್ತು ಕಂತು ಸಿದ್ಧವಿರಲಿ. ವಾರಕ್ಕೆ ಎರಡು, ಅದೇ ದಿನ, ಅದೇ ಹೊತ್ತು. ಎಳ್ಳಮಾಸಿಗೆ ಒಂದು ವಾರ ಮೊದಲು ಶುರುಮಾಡಿದರೆ ಮೂರನೇ ಕಂತು ಹಬ್ಬದ ದಿನಕ್ಕೆ ಬೀಳುತ್ತದೆ, ಕೊನೆಯ ಕಂತುಗಳು ಮೇ ತಿಂಗಳ ಮದುವೆ ಸುಗ್ಗಿಗೆ. ಹೊಲದ ದೃಶ್ಯದ ಎರಡು ಸಾಲನ್ನು ಅವತ್ತೇ ಸ್ಟೇಟಸ್ಸಿಗೆ ಹಾಕಿ. ಹೊಲದಲ್ಲಿ ಕೂತವರೇ ಅದನ್ನು ಹಂಚುತ್ತಾರೆ.

ಪರಿಚಯದ ಮಾತು ಅರವತ್ತು ಪದ ದಾಟದಿರಲಿ. ‘ವಿಶ್ವವಿಖ್ಯಾತ ಕಾದಂಬರಿ ಆಧಾರಿತ ಭಾವಪೂರ್ಣ ಪ್ರೇಮಕಾವ್ಯ’ ಎಂದು ಬರೆದರೆ ಯಾರೂ ಒತ್ತುವುದಿಲ್ಲ. ಅಡ್ಡಿಯನ್ನೇ ಮುಂದಿಡಿ: ‘ಸುವರ್ಣಾಳ ಅಪ್ಪನ ಹನ್ನೆರಡು ಎಕರೆ ಹೊಲ ಅತ್ತೆಯ ಸಹಿ ಇಲ್ಲದೆ ಮಾರುವಂತಿಲ್ಲ. ಸಹಿ ಬೇಕಾದರೆ ಅತ್ತೆಯ ಮಗನನ್ನು ಮದುವೆಯಾಗಬೇಕು. ಹೊಲ ಕೊಳ್ಳಲು ಬಂದವನು ಎಳ್ಳಮಾಸಿ ದಿನ ಅವಳನ್ನು ಅಷ್ಟೇನಿಲ್ಲ ಅಂದಿದ್ದಾನೆ.’ ಆಸ್ಟಿನ್ ಹೆಸರು ಕೊನೆಗೆ ಒಂದು ಸಾಲಿನಲ್ಲಿ ಬರಲಿ, ಮುಚ್ಚಿಡುವುದು ಬೇಡ. ಗೊತ್ತಿದ್ದವರು ‘ಕದ್ದದ್ದು’ ಅನ್ನುವ ಮೊದಲು ನೀವೇ ಹೇಳಿರುತ್ತೀರಿ.

ಮುಖಪುಟ ಮೊಬೈಲಿನಲ್ಲಿ ಹೆಬ್ಬೆರಳಿನ ಉಗುರಿನಷ್ಟೇ ಕಾಣುವುದು. ಎರಡು ಪದದ ಹೆಸರು, ದಪ್ಪ ಅಕ್ಷರ. ಅಂತರ್ಜಾಲದಿಂದ ಎತ್ತಿದ ಜೋಡಿಯ ಫೋಟೊ ಬೇಡ, ಅದಕ್ಕೂ ಯಜಮಾನರಿರುತ್ತಾರೆ. ಬಿದ್ರಿ ಕೆಲಸದ ಹಾಗೆ ಕಪ್ಪಿನ ಮೇಲೆ ಬೆಳ್ಳಿ ಬಣ್ಣದ ಬಳ್ಳಿ ಬರೆಸಿ, ಖರ್ಚು ಕಡಿಮೆ, ಗುರುತು ಹೆಚ್ಚು.

ಆಕಾಶವಾಣಿ ಕಲಬುರಗಿ ಕೇಂದ್ರಕ್ಕೆ ಕೊಡುವುದಿದ್ದರೆ ಹೊಲದ ದೃಶ್ಯದಂತೆ ತಾನಾಗಿಯೇ ನಿಲ್ಲುವ ತುಣುಕು ಕೊಡಿ. ಕಾಲೇಜುಗಳಲ್ಲಿ ಓದುವಾಗ ಪತ್ರದ ಕಂತು ಆರಿಸಬೇಡಿ, ಹಿಂದಿನದು ಗೊತ್ತಿಲ್ಲದವರಿಗೆ ಅದು ತಟ್ಟುವುದಿಲ್ಲ.

7. ಅಚ್ಚಿಗೆ

60,000 ಪದ ಡೆಮಿ 1/8 ಆಕಾರದಲ್ಲಿ, ಪುಟಕ್ಕೆ 250 ಪದದಂತೆ, 240 ಪುಟ, ಅಂದರೆ 16 ಪುಟದ 15 ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು). 245 ಆದರೆ ಇನ್ನೊಂದು ಫಾರಂ ಬೇಕು, ಆ ಐದು ಪುಟ ಕತ್ತರಿಸುವುದೇ ಲೇಸು. ಮೊಬೈಲಿನಲ್ಲಿ ಟೈಪಿಸಿದ್ದು ಯುನಿಕೋಡ್. ಮುದ್ರಣಾಲಯದವರು ‘ನುಡಿ’ ಅಥವಾ ‘ಶ್ರೀಲಿಪಿ’ಯ ಹಳೆಯ ಫಾಂಟ್‌ಗೆ ಪರಿವರ್ತಿಸಿದರೆ ಅರ್ಕಾವತ್ತು, ಒತ್ತಕ್ಷರ ಅದಲುಬದಲಾಗುತ್ತವೆ, ‘ಬರ್ಲತ್ತೀನಿ’ಯಂಥ ಪದಗಳು ಮೊದಲು ಕೆಡುತ್ತವೆ. ಪರಿವರ್ತನೆಯಾದ ಮೇಲಿನ ಕರಡನ್ನೇ ತಿದ್ದಬೇಕು, ಮೊದಲಿನದನ್ನಲ್ಲ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ದುಡ್ಡು ಕೇಳುವ ಮಧ್ಯವರ್ತಿಗಳ ಗೊಡವೆ ಬೇಡ. ಪುಸ್ತಕ ಬಂದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ತಲಾ ಒಂದು ಪ್ರತಿ ಪ್ರಕಾಶಕರೇ ತಮ್ಮ ಖರ್ಚಿನಲ್ಲಿ ಕಳಿಸಬೇಕು ಎನ್ನುತ್ತದೆ 1954ರ ಕಾಯ್ದೆ. ಸ್ವಂತ ಪ್ರಕಟಣೆಯಾದರೆ ಪ್ರಕಾಶಕರು ನೀವೇ, ಮುದ್ರಣದ ಲೆಕ್ಕದಲ್ಲಿ ಆ ನಾಲ್ಕು ಪ್ರತಿ ಮತ್ತು ಅಂಚೆ ಖರ್ಚು ಮೊದಲೇ ಸೇರಿಸಿಕೊಳ್ಳಿ.