ಗಾಡಿಯಿಂದ ಗುಂಡು ಹಾರಿದ ಕೇಸಿನಲ್ಲಿ ನಾನು ಡ್ರೈವರ್ ಪರ ನಿಂತಿದ್ದು

ತುಮಕೂರಿನಲ್ಲಿ ಕ್ರಿಮಿನಲ್ ಪ್ರಾಕ್ಟೀಸ್ ಮಾಡುವ ನಮಗೆ ಬಂದೂಕಿನ ಕೇಸು ಹೊಸದೇನಲ್ಲ. ಕಡಲೆಕಾಯಿ ಹೊಲಕ್ಕೆ ನುಗ್ಗಿದ ಹಂದಿಗೆ ಹೊಡೆಯಲು ಹೋಗಿ ಸಿಕ್ಕಿಬಿದ್ದವರು, ಲೈಸೆನ್ಸ್ ರಿನ್ಯೂವಲ್ ಮಾಡಿಸದೆ ಕೋವಿಯನ್ನು ಅಟ್ಟದ ಮೇಲೆ ಇಟ್ಟವರು, ಇಂಥವರು ಬರುತ್ತಲೇ ಇರುತ್ತಾರೆ. ಆದರೆ ಓಡುವ ಗಾಡಿಯಿಂದ ಗುಂಡು ಹಾರಿಸಿದ ಕೇಸು ಅಪರೂಪ. ಬಂದಾಗ ಮಾತ್ರ ಗಾಡಿಯಲ್ಲಿದ್ದವರೆಲ್ಲ ಒಟ್ಟಿಗೆ ಒಳಗೆ ಹೋಗುತ್ತಾರೆ. ಹೊಸ ಕಾನೂನು ಬಂದ ಮೇಲೆ ನನಗೆ ಸಿಕ್ಕ ಒಂದು ಕೇಸನ್ನು ಹೇಗೆ ನಡೆಸಿದೆ ಅಂತ ಬರೆಯುತ್ತಿದ್ದೇನೆ. ಕಕ್ಷಿದಾರರ ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಜಿಲ್ಲೆಯ ಉತ್ತರದ ಕಡೆ ಒಂದು ಹಳ್ಳಿ. ಬೀಗರೂಟ ಮುಗಿಸಿಕೊಂಡು ಐದು ಜನ ಒಂದು ದೊಡ್ಡ ಗಾಡಿಯಲ್ಲಿ ವಾಪಸ್ ಹೊರಟಿದ್ದಾರೆ. ಹಿಂದಿನ ಸೀಟಿನಲ್ಲಿದ್ದ ಹುಡುಗ ತನ್ನ ಸೋದರಮಾವನ ಜೋಡಿ ನಳಿಗೆ ಕೋವಿಯನ್ನು ಎಡಗಡೆ ಕಿಟಕಿಯಿಂದ ಹೊರಗೆ ಹಾಕಿ ಎರಡು ಸಲ ಹಾರಿಸಿದ್ದಾನೆ. ಜಗುಲಿ ಮೇಲೆ ಕೂತಿದ್ದ ಒಬ್ಬ ಅಜ್ಜಿಯ ಮೊಣಕೈ ಹತ್ತಿರ ಸೀಸದ ಸಣ್ಣ ಗುಂಡೊಂದು ಹೊಕ್ಕಿದೆ. ಪುಣ್ಯಕ್ಕೆ ಜೀವಕ್ಕೆ ಏನೂ ಆಗಲಿಲ್ಲ. ರಾತ್ರಿಯೇ ಐದೂ ಜನರ ಮೇಲೆ ಎಫ್‌ಐಆರ್ ಆಯಿತು. ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 109, ಅಂದರೆ ಕೊಲೆ ಯತ್ನ. ಅದರ ಜೊತೆ 3(5), ಅಂದರೆ ಎಲ್ಲರದ್ದೂ ಒಂದೇ ಉದ್ದೇಶ ಅಂತ. ಮೇಲೆ ಆಯುಧ ಕಾಯ್ದೆಯ 25, 27, 30, ಅಂದರೆ ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡದ್ದು, ಅದನ್ನು ಬಳಸಿದ್ದು, ಲೈಸೆನ್ಸಿನ ಷರತ್ತು ಮುರಿದದ್ದು. ನನ್ನ ಹತ್ತಿರ ಬಂದದ್ದು ಡ್ರೈವರ್ ಕಡೆಯವರು. ಅವನ ಅಪ್ಪ ಹೇಳಿದ್ದು ಒಂದೇ ಮಾತು: 'ಸಾರ್, ನಮ್ಮ ಹುಡುಗ ಸ್ಟೇರಿಂಗ್ ಬಿಟ್ಟು ಬೇರೇನೂ ಮುಟ್ಟಿಲ್ಲ.'

ನಮ್ಮ ದೇಶದಲ್ಲಿ ಗಾಡಿಯಿಂದ ಗುಂಡು ಹಾರಿಸುವುದಕ್ಕೆ ಅಂತಲೇ ಪ್ರತ್ಯೇಕ ಸೆಕ್ಷನ್ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದೆ, ಅಲ್ಲಿನ ದಂಡ ಸಂಹಿತೆಯ 26100. ಗಾಡಿಯಿಂದ ಮನುಷ್ಯರ ಮೇಲೆ ಬೇಕಂತಲೇ ಹಾರಿಸಿದರೆ 3, 5 ಅಥವಾ 7 ವರ್ಷ. ಗೊತ್ತಿದ್ದೂ ಹಾರಿಸಲು ಬಿಟ್ಟ ಡ್ರೈವರ್‌ಗೂ ಶಿಕ್ಷೆ, ಗಾಡಿಯ ಮಾಲೀಕನಿಗೂ ಶಿಕ್ಷೆ, ಅವನು ಗಾಡಿಯಲ್ಲಿ ಇಲ್ಲದಿದ್ದರೂ. ಇಲ್ಲಿ ಪೊಲೀಸರು ಅಲ್ಲೊಂದು ಇಲ್ಲೊಂದು ಸೆಕ್ಷನ್ ತಂದು ಜೋಡಿಸಬೇಕು. ಆ ಜೋಡಣೆಯಲ್ಲೇ ಡಿಫೆನ್ಸ್‌ನವರಿಗೆ ಜಾಗ ಸಿಗುವುದು.

ಡ್ರೈವರ್‌ಗೆ ನಿಜವಾಗಿ ಕುತ್ತು ತರುವುದು 109 ಅಲ್ಲ, ಆಯುಧ ಕಾಯ್ದೆಯ 35. ತುಂಬಾ ಜನ ವಕೀಲರು ಇದನ್ನು ಓದಿಯೇ ಇರುವುದಿಲ್ಲ. ಹಲವರ ಕೈಯಲ್ಲಿರುವ ಮನೆಯಲ್ಲೋ ಗಾಡಿಯಲ್ಲೋ ಅಪರಾಧಕ್ಕೆ ಸಂಬಂಧಿಸಿದ ಆಯುಧ ಸಿಕ್ಕಿದರೆ, ಅದು ಅಲ್ಲಿದೆ ಅಂತ ಗೊತ್ತಿತ್ತು ಎಂದು ನಂಬಲು ಕಾರಣ ಇರುವ ಪ್ರತಿಯೊಬ್ಬನೂ ತಾನೊಬ್ಬನೇ ಅಪರಾಧ ಮಾಡಿದ ಹಾಗೆ ಹೊಣೆ. ಅಲ್ಲ ಅಂತ ಸಾಬೀತು ಮಾಡುವ ಭಾರ ಅವನ ತಲೆ ಮೇಲೆ. ಹಾಗಾಗಿ 'ನಾನು ಹಾರಿಸಿಲ್ಲ' ಅನ್ನುವುದು ಉತ್ತರವೇ ಅಲ್ಲ. ಕೋವಿ ಗಾಡಿಯಲ್ಲಿದ್ದದ್ದು ಅವನಿಗೆ ಗೊತ್ತಿತ್ತಾ, ಅದಷ್ಟೇ ಪ್ರಶ್ನೆ. ನಾನು ಈ ಕೇಸನ್ನು ಪೂರ್ತಿ ಅದರ ಮೇಲೇ ಕಟ್ಟಿದೆ. ಐದು ಜನರನ್ನು ಒಂದು ಗುಂಪಾಗಿ ನೋಡುವುದನ್ನು ಬಿಡಿಸಿ, ಒಬ್ಬೊಬ್ಬರನ್ನೇ ಗಾಡಿಯಿಂದ ಕೆಳಗಿಳಿಸುವ ಕೆಲಸ ಅದು.

ಮೊದಲು ಕೇಳಿದ್ದು ವಿಡಿಯೊ. ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ರ ಪ್ರಕಾರ ಜಪ್ತಿಯನ್ನು ವಿಡಿಯೊ ಮಾಡಲೇಬೇಕು. ಮಹಜರಿನಲ್ಲಿ 'ವಾಹನದ ಒಳಗೆ ಬಂದೂಕು ದೊರೆತಿರುತ್ತದೆ' ಅಂತ ಒಂದು ಸಾಲು, ಅಷ್ಟೇ. ಒಳಗೆ ಅಂದರೆ ಎಲ್ಲಿ? ಕಾಪಿ ಸಿಕ್ಕ ಮೇಲೆ ನೋಡಿದರೆ, ಕೊನೆಯ ಸೀಟಿನ ಕೆಳಗೆ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ಕೋವಿಯನ್ನು ಕಾನ್‌ಸ್ಟೇಬಲ್ ಬಗ್ಗಿ ಎಳೆಯುತ್ತಿದ್ದಾರೆ. ಮಧ್ಯದ ಸೀಟಿನ ಮೇಲೆ ತಾಂಬೂಲದ ಚೀಲಗಳು, ಹೋಳಿಗೆ ಡಬ್ಬಿ. ಡ್ರೈವರ್ ಸೀಟಿನಿಂದ ಹಿಂದೆ ತಿರುಗಿದರೂ ಕಾಣದ ಜಾಗ. ಗುಂಡು ಹಾರಿಸಿದ ಮೇಲೆ ಮತ್ತೆ ಸುತ್ತಿಟ್ಟಿರಬಹುದು ಅಂತ ಪಿಪಿ, ಅಂದರೆ ಸರ್ಕಾರದ ಪರ ವಕೀಲರು, ಹೇಳಿದರು. ಹೇಳಲಿ. ಆದರೆ ಹೊರಡುವಾಗ ಕೋವಿ ಕಣ್ಣಿಗೆ ಬೀಳುವ ಹಾಗಿತ್ತು ಅಂತ ಹೇಳುವ ಒಬ್ಬ ಸಾಕ್ಷಿಯೂ ಇರಲಿಲ್ಲ. ಕೋವಿಯನ್ನು ಗಾಡಿಗೆ ಹಾಕಿದ್ದು ಊಟದ ಹೊತ್ತಿನಲ್ಲಿ, ಆಗ ನಮ್ಮವನು ಪಂಕ್ತಿಯಲ್ಲಿ ಕೂತಿದ್ದ. ಅದಕ್ಕೆ ಮದುವೆ ಮನೆಯ ಫೋಟೊಗ್ರಾಫರ್ ಹತ್ತಿರವೇ ಪುರಾವೆ ಇತ್ತು.

ಆಮೇಲೆ ಸಿಸಿಟಿವಿ. ಇಂಥ ಕೇಸಿನಲ್ಲಿ ಮೊದಲು ಓಡಬೇಕಾದ್ದು ಇದಕ್ಕೇ, ಯಾಕಂದರೆ ರೆಕಾರ್ಡ್ ಮಾಡುವ ಡಿವಿಆರ್ ಪೆಟ್ಟಿಗೆ ತುಂಬಿದ ಮೇಲೆ ಹಳೆಯದರ ಮೇಲೇ ಹೊಸದು ಬರೆದುಕೊಂಡು ಹೋಗುತ್ತದೆ. ಹಳ್ಳಿಯ ಹಾಲಿನ ಡೇರಿ ಮುಂದೆ ಕ್ಯಾಮೆರಾ ಇತ್ತು. ಫೂಟೇಜ್ ವಶಕ್ಕೆ ತೆಗೆದುಕೊಳ್ಳಿ ಅಂತ ತನಿಖಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಹಾಕಿಸಿಕೊಂಡೆ, ಕೋರ್ಟಿಗೂ ಒಂದು ಅರ್ಜಿ ಹಾಕಿದೆ. ನಾವೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಂಡು ಬಂದರೆ ನಾಳೆ ತಿದ್ದಿದ್ದಾರೆ ಅನ್ನುತ್ತಾರೆ. ಎಲೆಕ್ಟ್ರಾನಿಕ್ ದಾಖಲೆಯನ್ನು ಕೋರ್ಟು ಒಪ್ಪಲು ಸಾಕ್ಷ್ಯ ಅಧಿನಿಯಮದ 63ರ ಸರ್ಟಿಫಿಕೇಟ್ ಬೇರೆ ಬೇಕು, ಹಳೆಯ 65ಬಿ ಇತ್ತಲ್ಲ, ಅದೇ.

ಆ ಫೂಟೇಜಿನಲ್ಲಿ ಸದ್ದಿಲ್ಲ. ಗಾಡಿ ಎಡದಿಂದ ಬರುತ್ತದೆ. ಹಿಂದಿನ ಕಿಟಕಿಯಲ್ಲಿ ಬೆಳಕು ಮಿಂಚುತ್ತದೆ. ತಕ್ಷಣ ಬ್ರೇಕ್ ಲೈಟು ಕೆಂಪಗೆ ಹತ್ತುತ್ತದೆ. ಗಾಡಿ ಇನ್ನೂ ಪೂರ್ತಿ ನಿಂತಿರುವುದಿಲ್ಲ, ಇನ್ನೊಂದು ಮಿಂಚು. ಆಮೇಲೆ ಗಾಡಿ ನಿಲ್ಲುತ್ತದೆ, ಒಂದಿಷ್ಟು ಹೊತ್ತು, ಮತ್ತೆ ಹೊರಡುತ್ತದೆ. ಮೊದಲ ಸದ್ದಿಗೇ ಬ್ರೇಕ್ ಹಾಕಿದವನಿಗೆ ಇದು ಮೊದಲೇ ಗೊತ್ತಿತ್ತು ಅನ್ನುವುದು ಕಷ್ಟ, ಅಲ್ವಾ? ಇದು ನಮಗೆ ದೊಡ್ಡ ಆಸರೆ ಆಯಿತು. ಆದರೆ ಅದೇ ಫೂಟೇಜಿನ ಕೊನೆ ನಮ್ಮ ವಿರುದ್ಧವೂ ಇತ್ತು. ಅಜ್ಜಿಗೆ ಏಟು ಬಿದ್ದಿದ್ದರೂ ಇಳಿಯದೆ ಗಾಡಿ ಓಡಿಸಿಕೊಂಡು ಹೋದನಲ್ಲ ಅಂತ ಪಿಪಿ ಕೇಳಿದರು. ಹಿಂದಿನವರು 'ಹೋಗೋ, ಹೋಗೋ' ಅಂತ ಕೂಗಿದ್ದಕ್ಕೆ ಹೋದ ಅನ್ನುವುದು ನಮ್ಮ ಉತ್ತರ. ಪೂರ್ತಿ ಚೆಂದದ ಉತ್ತರ ಅಲ್ಲ, ಆದರೆ ಗುಂಡು ಹಾರಿದ ಮೇಲೆ ಮಾಡಿದ್ದು ಬೇರೆ, ಅದಕ್ಕೆ ಮೊದಲೇ ಇದ್ದ ಉದ್ದೇಶ ಬೇರೆ.

ಇನ್ನು 109. ಇದಕ್ಕೆ ಕೊಲ್ಲುವ ಉದ್ದೇಶ ಬೇಕು, ಇಲ್ಲವೇ ಸಾಯುತ್ತಾರೆ ಅನ್ನುವಂಥ ತಿಳಿವಳಿಕೆ ಬೇಕು. ಗಾಯ ಆಗಿದ್ದರೆ ಜೀವಾವಧಿವರೆಗೂ ಶಿಕ್ಷೆ ಇದೆ. ಅದೇ ಕೃತ್ಯವನ್ನು ಅಜಾಗರೂಕತೆ ಅಂತ ನೋಡಿದರೆ ಬರುವುದು 125, ಗಾಯ ಆಗಿದ್ದರೆ ಅದರ (ಎ) ಪ್ರಕಾರ 6 ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಜೊತೆಗೆ ಆಯುಧ ಕಾಯ್ದೆಯ 25(9). 2019ರ ತಿದ್ದುಪಡಿಯಲ್ಲಿ ಸೇರಿಸಿದ್ದು ಇದು. ಮದುವೆ, ಪೂಜಾ ಸ್ಥಳ, ಸಮಾರಂಭಗಳಲ್ಲಿ ಖುಷಿಗೆ ಗುಂಡು ಹಾರಿಸಿ ಜನರ ಜೀವಕ್ಕೆ ಅಪಾಯ ತಂದರೆ, ಅಥವಾ ಎಲ್ಲೇ ಆಗಲಿ ಬೇಕಾಬಿಟ್ಟಿ ಹಾರಿಸಿ ಅಪಾಯ ತಂದರೆ, 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ಜೀವಾವಧಿ ಎಲ್ಲಿ, 6 ತಿಂಗಳು ಎಲ್ಲಿ! ಇಷ್ಟು ಅಂತರ ನಿಲ್ಲುವುದು ಕೋವಿಯ ಮೂತಿ ಯಾವ ಕಡೆಗಿತ್ತು ಅನ್ನುವುದರ ಮೇಲೆ.

ಅದಕ್ಕೇ ನಾನು ಜಾಗ ನೋಡಲು ಹೋದೆ. ಫೈಲು ಓದಿಕೊಂಡು ಕೂತರೆ ಇಂಥವು ತಿಳಿಯುವುದಿಲ್ಲ. ಮನೆ ಮುಂದೆ ಜಗುಲಿಗೆ ನೆರಳಿಗೆ ಅಂತ ತಗಡಿನ ಶೀಟು ಹಾಕಿದ್ದಾರೆ, ಕಬ್ಬಿಣದ ಪೈಪಿನ ಮೇಲೆ. ಮಹಜರಿನಲ್ಲಿ 'ಶೀಟಿಗೆ ತೂತುಗಳು ಬಿದ್ದಿರುತ್ತವೆ' ಅಂತ ಮಾತ್ರ ಇತ್ತು. ಕುರ್ಚಿ ಹತ್ತಿ ಕೈಯಾಡಿಸಿ ನೋಡಿದೆ. ತೂತಿನ ಅಂಚು ಮೇಲ್ಮುಖವಾಗಿ ಎದ್ದಿತ್ತು, ಅಂದರೆ ಗುಂಡು ಕೆಳಗಿಂದ ಮೇಲಕ್ಕೆ ಹೋಗಿದೆ. ಪೈಪಿನ ತಳದಲ್ಲಿ ಸೀಸ ಒರೆಸಿಕೊಂಡು ಹೋದ ಬೂದು ಗೀರು, ಪಕ್ಕದಲ್ಲೇ ಬಣ್ಣ ಕಿತ್ತು ಹೋದ ಗುಂಡಿ. ಗೋಡೆ ಮೇಲೆ, ಬಾಗಿಲ ಮೇಲೆ ಒಂದು ಗುರುತೂ ಇಲ್ಲ. ಜಗುಲಿ ಕಡೆಗೆ ನೇರ ಹಾರಿಸಿದ್ದರೆ ಗೋಡೆ ಜರಡಿ ಆಗಬೇಕಿತ್ತು. ಅಜ್ಜಿಗೆ ತಗುಲಿದ್ದು ಪೈಪಿಗೆ ಬಡಿದು ತಿರುಗಿ ಬಂದ ಗುಂಡು. ಫೋಟೊ ತೆಗೆಸಿ ಹಾಕಿದೆ. 7 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯ ಅಪರಾಧವಾದರೆ ಸುರಕ್ಷಾ ಸಂಹಿತೆಯ 176(3)ರ ಪ್ರಕಾರ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. 109 ಹಾಕಿದ್ದೀರಿ, ತಜ್ಞರ ವರದಿ ಎಲ್ಲಿ ಅಂತಲೂ ಕೇಳಿದೆ. ದೊಡ್ಡ ಸೆಕ್ಷನ್ ಹಾಕಿದರೆ ಅದರ ಹೊರೆಯನ್ನೂ ಹೊರಬೇಕು.

ಮೇಲಕ್ಕೆ ಹಾರಿಸಿದರೆ ಪಾರು ಅಂತ ಯಾರೂ ಅಂದುಕೊಳ್ಳುವುದು ಬೇಡ. ಉತ್ತರಾಖಂಡದ ಭಗವಾನ್ ಸಿಂಗ್ ಪ್ರಕರಣದಲ್ಲಿ ಮದುವೆ ಮನೆಯಲ್ಲಿ ಚಾವಣಿ ಕಡೆಗೆ ಹಾರಿಸಿದ್ದೇ ಜನರಿಗೆ ಬಡಿದು ಸಾವಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಕೊಲೆ ಅಲ್ಲ ಅಂದರೂ ಸುಮ್ನೆ ಬಿಡಲಿಲ್ಲ, ಆಗಿನ ಐಪಿಸಿ 304ರ ಎರಡನೇ ಭಾಗದಲ್ಲಿ 10 ವರ್ಷ ಆಯಿತು. ಪಿಪಿ ಇದನ್ನೇ ಓದಿದರು. ಕೊಲೆಯ ಸೆಕ್ಷನ್ ಕೆಳಗಿರುವ ಹಳೇ ಉದಾಹರಣೆಯನ್ನೂ ಓದಿದರು, ಗುಂಪಿನ ಮೇಲೆ ಫಿರಂಗಿ ಹಾರಿಸಿದವನು ಇಂಥವನನ್ನೇ ಕೊಲ್ಲಬೇಕು ಅಂತ ಇಲ್ಲದಿದ್ದರೂ ಕೊಲೆಗಾರನೇ ಅನ್ನುವುದು. ಹಾರಿಸಿದವನ ಮಟ್ಟಿಗೆ ಆ ವಾದದಲ್ಲಿ ತೂಕ ಇದೆ, ನಾನೇ ಒಪ್ಪುತ್ತೇನೆ. ಊರ ಬೀದಿಯಲ್ಲಿ ಗಾಡಿಯಿಂದ ಗುಂಡು ಹಾರಿಸುವುದು ಯಾವ ದಿಕ್ಕಿಗಾದರೂ ಹುಚ್ಚಾಟವೇ. ನನ್ನ ವಾದ ಡ್ರೈವರ್ ಮಟ್ಟಿಗೆ ಮಾತ್ರ.

ಜಾಮೀನು ಸಿಕ್ಕಿತು. ಅದಾದ ಮೇಲೆ ಗಾಡಿ. ಅದು ಡ್ರೈವರ್‌ನ ದೊಡ್ಡಪ್ಪನದು, ಸಾಲದ ಕಂತು ನಡೆಯುತ್ತಿತ್ತು, ಠಾಣೆ ಮುಂದೆ ಬಿಸಿಲಲ್ಲಿ ನಿಂತಿತ್ತು. ಆಯುಧ ಕಾಯ್ದೆ 32ರ ಪ್ರಕಾರ ಗಾಡಿ ಮುಟ್ಟುಗೋಲಾಗುತ್ತದೆ, ಕೊಡಬಾರದು ಅಂತ ಆಕ್ಷೇಪಣೆ ಬಂತು. ಆದರೆ 32 ಬರುವುದು ಶಿಕ್ಷೆ ಆದ ಮೇಲೆ, ಅದೂ ಕೋರ್ಟಿನ ವಿವೇಚನೆಗೆ ಬಿಟ್ಟದ್ದು. ಅಲ್ಲಿಯವರೆಗೆ ಗಾಡಿ ತುಕ್ಕು ಹಿಡಿಯಬೇಕು ಅಂತ ಎಲ್ಲೂ ಇಲ್ಲ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಕೇಸಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಹೇಳುವುದೂ ಅದೇ: ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಬಿಡಿ. ಸುರಕ್ಷಾ ಸಂಹಿತೆಯ 497ರಲ್ಲಿ ಅರ್ಜಿ ಹಾಕಿ ಬಿಡಿಸಿಕೊಂಡೆವು. ಬಣ್ಣ ಬದಲಿಸಬಾರದು, ಮಾರಬಾರದು, ಕರೆದಾಗ ತರಬೇಕು ಅಂತ ಷರತ್ತು.

ಇದೇ ಗಾಡಿಯಲ್ಲಿ ಹಂದಿಯನ್ನೋ ಜಿಂಕೆಯನ್ನೋ ಹೊಡೆದಿದ್ದರೆ ಇಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಕೃಷ್ಣಮೃಗಗಳ ಸುತ್ತಮುತ್ತಲಿನವರಿಗೆ ಇದು ಗೊತ್ತಿರಲಿ. ವನ್ಯಜೀವಿ ಕಾಯ್ದೆಯಲ್ಲಿ, ಅಪರಾಧಕ್ಕೆ ಬಳಸಿ ಜಪ್ತಾದ ವಾಹನ ಸರ್ಕಾರದ ಸೊತ್ತು ಅನ್ನುವ 39ನೇ ಸೆಕ್ಷನ್ ಇದೆ. ಕೃಷ್ಣಮೃಗ ಮೊದಲ ಪಟ್ಟಿಯಲ್ಲಿದೆ, 3 ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆ, 7ರವರೆಗೆ ಹೋಗಬಹುದು. 1972ರಲ್ಲಿ ಕಾಯ್ದೆ ಬಂದಾಗ ಲೈಸೆನ್ಸ್ ಇದ್ದವರಿಗೂ ಗಾಡಿಯಿಂದ ಬೇಟೆ ಆಡಬಾರದು ಅಂತ ಪ್ರತ್ಯೇಕ ನಿಯಮ ಇತ್ತು. 1991ರಲ್ಲಿ ಬೇಟೆ ಲೈಸೆನ್ಸ್ ಪದ್ಧತಿಯನ್ನೇ ತೆಗೆದ ಮೇಲೆ ಆ ನಿಯಮವೂ ಹೋಯಿತು. ಬೆಳೆ ರಕ್ಷಣೆಗೆ ಕೊಟ್ಟ ಕೋವಿ ಲೈಸೆನ್ಸು ಬೇಟೆಯ ಪರವಾನಗಿ ಅಲ್ಲ. ರಾತ್ರಿ ಜೀಪಿನಲ್ಲಿ ಟಾರ್ಚ್ ಬಿಟ್ಟುಕೊಂಡು ಹೋಗುವವರು ಇದನ್ನು ಕೇಳಿಸಿಕೊಳ್ಳುವುದೇ ಇಲ್ಲ.

ಚಾರ್ಜ್‌ಶೀಟ್ ಬಂದಾಗ ಮೊದಲು ಹುಡುಕಿದ್ದು ಜಿಲ್ಲಾ ದಂಡಾಧಿಕಾರಿಯ ಮಂಜೂರಾತಿ. ಲೈಸೆನ್ಸ್ ಇಲ್ಲದೆ ಆಯುಧ ಇಟ್ಟುಕೊಂಡ ಅಪರಾಧಕ್ಕೆ ಆಯುಧ ಕಾಯ್ದೆಯ 39ರ ಪ್ರಕಾರ ಅದು ಮೊದಲೇ ಬೇಕು. ಕಡತದಲ್ಲಿ ಇರಲಿಲ್ಲ. ಕೇಸು ಸೆಷನ್ಸ್‌ಗೆ ಹೋದ ಮೇಲೆ 60 ದಿನದ ಒಳಗೆ ಸುರಕ್ಷಾ ಸಂಹಿತೆಯ 250ರಲ್ಲಿ ಡಿಸ್ಚಾರ್ಜ್ ಅರ್ಜಿ, ಅಂದರೆ ವಿಚಾರಣೆಗೆ ಮೊದಲೇ ಕೇಸಿನಿಂದ ಕೈಬಿಡಿ ಅನ್ನುವ ಅರ್ಜಿ, ಹಾಕಬೇಕು, ಆ ಗಡುವು ಹೊಸ ಸಂಹಿತೆಯಲ್ಲಿ ಬಂದದ್ದು. ಹಾಕಿದೆ. ಡ್ರೈವರ್ ಮತ್ತು ಮುಂದಿನ ಸೀಟಿನಲ್ಲಿ ಕೂತಿದ್ದ ಹಿರಿಯರು ಬಿಡುಗಡೆ ಆದರು. ಹಾರಿಸಿದವನ ಮೇಲೆ 109 ಉಳಿಯಿತು, ಅವನ ಪಕ್ಕ ಕೂತು ತೋಟಾ ಕೊಟ್ಟವನೂ ಉಳಿದ. ವಿಚಾರಣೆ ನಡೆಯುತ್ತಿದೆ, ಅವರ ವಕೀಲರು ಬೇರೆ.

ಕೋವಿಯ ಯಜಮಾನ, ಆ ಸೋದರಮಾವ, ಗಾಡಿಯಲ್ಲಿ ಇರಲೇ ಇಲ್ಲ. ಆದರೂ ಲೈಸೆನ್ಸ್ ಇಲ್ಲದವನ ಕೈಗೆ ಕೋವಿ ಕೊಟ್ಟದ್ದಕ್ಕೆ ಆಯುಧ ಕಾಯ್ದೆಯ 29 ಮತ್ತು 30 ಅವರ ಮೇಲೆ ಇದೆ, ಲೈಸೆನ್ಸ್ ರದ್ದು ಮಾಡುವ ನೋಟಿಸೂ ಬಂದಿದೆ. 'ಹೊಲದ ಹಂದಿಗೆ ಇನ್ನೇನು ಮಾಡ್ಲಿ ಸ್ವಾಮಿ' ಅಂತ ನನ್ನ ಆಫೀಸಿಗೆ ಬಂದಿದ್ದರು. ನೋಟಿಸಿಗೆ ಉತ್ತರ ಬರೆದುಕೊಟ್ಟಿದ್ದೇನೆ. ರದ್ದಾದರೆ ಅದೇ ಕಾಯ್ದೆಯ 18ರಲ್ಲಿ ಮೇಲ್ಮನವಿ ಹಾಕಬಹುದು. ಕೋವಿ ಮಾತ್ರ ಮುದ್ದೆಮಾಲು, ಅಂದರೆ ಕೇಸಿನಲ್ಲಿ ಜಪ್ತಾದ ವಸ್ತು, ಕೇಸು ಮುಗಿಯುವವರೆಗೆ ವಾಪಸ್ ಬರುವ ಆಸೆ ಬೇಡ ಅಂತ ಹೇಳಿ ಕಳಿಸಿದೆ.