ಡಾಕ್ಟರ್ ಬರೆದದ್ದು ಕೋಡ್ ಆಗುವುದು ಹೇಗೆ? ಮೆಡಿಕಲ್ ಕೋಡಿಂಗ್, ಬಿಲ್ಲಿಂಗ್ ಕಲಿಯುವವರಿಗೆ ದಾರಿ

ಕೈಗೆ ಎರಡು ಕಡೆ ಗಾಯ ಮಾಡಿಕೊಂಡವರೊಬ್ಬರು ಆಸ್ಪತ್ರೆಗೆ ಬಂದರು ಅಂದುಕೊಳ್ಳಿ. ಒಂದು ಗಾಯ 2 ಸೆಂಟಿಮೀಟರ್ ಉದ್ದ, ಇನ್ನೊಂದು 3. ಡಾಕ್ಟರ್ ಎರಡಕ್ಕೂ ಸಾಧಾರಣ ಹೊಲಿಗೆ ಹಾಕಿ ಮನೆಗೆ ಕಳಿಸಿದರು. ಬಿಲ್ಲಿನಲ್ಲಿ ಎಷ್ಟು ಕೆಲಸ ತೋರಿಸಬೇಕು? ಎರಡು, ಅಲ್ವಾ?

ಅಲ್ಲ, ಒಂದೇ. ಅಮೆರಿಕದ ಕೋಡಿಂಗ್ ನಿಯಮದಲ್ಲಿ ಹೊಲಿಗೆಯ ಬಗೆ ಒಂದೇ ಆಗಿದ್ದು, ಗಾಯಗಳು ಒಂದೇ ಗುಂಪಿಗೆ ಸೇರಿದ ಅಂಗಗಳಲ್ಲಿದ್ದರೆ ಉದ್ದವನ್ನು ಕೂಡಿಸಬೇಕು. ಎರಡೂ ಸೇರಿ 5 ಸೆಂಟಿಮೀಟರ್. ಕೋಡ್ 12002, ಒಂದೇ ಸಲ. ಚಿಕ್ಕದಕ್ಕೆ 12001, ದೊಡ್ಡದಕ್ಕೆ 12002 ಎಂದು ಬಿಡಿಬಿಡಿಯಾಗಿ ಹಾಕಿದರೆ ಇನ್ಶೂರೆನ್ಸ್ ಕಂಪನಿ ಅದನ್ನು ತಪ್ಪೆಂದೇ ನೋಡುತ್ತದೆ. ಇಂಥ ಪ್ರಶ್ನೆ ನಿಮಗೆ ತಲೆನೋವು ತರುವ ಬದಲು ಕುತೂಹಲ ಹುಟ್ಟಿಸಿದರೆ ಮುಂದೆ ಓದಿ. ಈ ಕೆಲಸ ನಿಮಗೆ ಒಗ್ಗಬಹುದು.

ಕೋಡಿಂಗ್ ಅಂದ ತಕ್ಷಣ ಕಂಪ್ಯೂಟರ್ ಪ್ರೋಗ್ರಾಮ್ ಬರೆಯುವುದು ಎಂದುಕೊಂಡು ಬರುವವರು ಈಗಲೂ ಇದ್ದಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಡಾಕ್ಟರ್ ಬರೆದಿಟ್ಟ ಚಾರ್ಟ್ ಓದಿ, ರೋಗಕ್ಕೊಂದು ಕೋಡ್, ಮಾಡಿದ ಚಿಕಿತ್ಸೆಗೊಂದು ಕೋಡ್ ಹುಡುಕಿ ಹಾಕುವವರು ಕೋಡರ್. ಆ ಕೋಡ್‌ಗಳನ್ನು ಕ್ಲೈಮ್ ಮಾಡಿ ಇನ್ಶೂರೆನ್ಸ್‌ಗೆ ಕಳಿಸಿ, ದುಡ್ಡು ಬರುವವರೆಗೆ ಬೆನ್ನು ಹತ್ತುವವರು ಬಿಲ್ಲರ್. ಚಿಕ್ಕ ಕ್ಲಿನಿಕ್ಕಿನಲ್ಲಿ ಎರಡನ್ನೂ ಒಬ್ಬರೇ ಮಾಡುವುದುಂಟು. ದೊಡ್ಡ ಕಡೆ ಬೇರೆ ಬೇರೆ ತಂಡ. ಇಲ್ಲಿ ಹೇಳುವುದೆಲ್ಲ ಅಮೆರಿಕದ ಆಸ್ಪತ್ರೆ, ಇನ್ಶೂರೆನ್ಸ್‌ಗಾಗಿ ಮಾಡುವ ಕೋಡಿಂಗ್ ಬಗ್ಗೆ.

ಹೆಜ್ಜೆ 1: ಮೊದಲು ದೇಹದ ಭಾಷೆ

ಎಲ್ಲರೂ ಹಾರಿಸಿಬಿಡುವ ಹೆಜ್ಜೆ ಇದು. ಆಮೇಲೆ ಪರದಾಡುವುದೂ ಇದರಿಂದಲೇ. ಕೋಡ್ ಪುಸ್ತಕ ತೆರೆಯುವ ಮುಂಚೆ ಅಂಗರಚನೆ ಮತ್ತು ವೈದ್ಯಕೀಯ ಪದಗಳು ಗೊತ್ತಿರಬೇಕು. ಡಾಕ್ಟರ್ ಆಗುವಷ್ಟೇನೂ ಬೇಡ. ರೇಡಿಯಸ್ ಅಂದರೆ ಮುಂಗೈಯಲ್ಲಿ ಹೆಬ್ಬೆರಳಿನ ಕಡೆಯ ಮೂಳೆ, ಅಲ್ನಾ ಅಂದರೆ ಕಿರುಬೆರಳಿನ ಕಡೆಯದು ಎಂದು ಯೋಚಿಸದೆ ಹೇಳುವಷ್ಟು ಸಾಕು.

ಪದಗಳನ್ನು ಉರು ಹೊಡೆಯಬೇಡಿ, ಒಡೆದು ನೋಡಿ. ಪದದ ಬಾಲದಲ್ಲಿ ‘ಐಟಿಸ್’ ಇದ್ದರೆ ಉರಿಯೂತ. ‘ಎಕ್ಟಮಿ’ ಇದ್ದರೆ ತೆಗೆದುಹಾಕಿದ್ದಾರೆ. ‘ಆಟಮಿ’ ಇದ್ದರೆ ಕೊಯ್ದಿದ್ದಾರೆ. ‘ಆಸ್ಟಮಿ’ ಇದ್ದರೆ ಕೊಯ್ದು ಒಂದು ಬಾಯಿ ಮಾಡಿದ್ದಾರೆ. ಕೊಲೆಕ್ಟಮಿ ಆದವರಿಗೆ ದೊಡ್ಡ ಕರುಳಿನ ಭಾಗ ತೆಗೆದಿದ್ದಾರೆ. ಕೊಲಾಸ್ಟಮಿ ಆದವರಿಗೆ ಅದೇ ಕರುಳನ್ನು ಹೊಟ್ಟೆಯ ಮೇಲೆ ತೆರೆದಿದ್ದಾರೆ. ಓದುವಾಗ ಎರಡಕ್ಷರ ತಪ್ಪಿದರೆ ಇಡೀ ಆಪರೇಷನ್ನೇ ಬದಲಾಗಿಬಿಡುತ್ತದೆ.

ಹೆಜ್ಜೆ 2: ಮೂರು ಪುಸ್ತಕಗಳ ಪರಿಚಯ

ರೋಗಕ್ಕೆ ಐಸಿಡಿ-10-ಸಿಎಂ. ಇದರ ಬೇರು ಹಳೆಯದು. ಸಾವಿನ ಕಾರಣಗಳನ್ನು ಎಲ್ಲ ದೇಶಗಳೂ ಒಂದೇ ರೀತಿ ಬರೆದಿಡಲಿ ಎಂದು 1893ರಲ್ಲಿ ಫ್ರಾನ್ಸಿನ ಅಂಕಿಅಂಶ ತಜ್ಞ ಜಾಕ್ ಬರ್ಟಿಯೋ ಮುಂದಿಟ್ಟ ಪಟ್ಟಿ ಬೆಳೆಯುತ್ತಾ ಇಲ್ಲಿಗೆ ಬಂದಿದೆ. 1948ರಿಂದ ಅದು ವಿಶ್ವ ಆರೋಗ್ಯ ಸಂಸ್ಥೆಯ ಕೈಯಲ್ಲಿದೆ. ಅದನ್ನು ಅಮೆರಿಕ ತನಗೆ ಬೇಕಾದಂತೆ ಹಿಗ್ಗಿಸಿಕೊಂಡು 2015ರ ಅಕ್ಟೋಬರ್ 1ರಿಂದ ಬಳಸುತ್ತಿದೆ. ಹಿಂದಿನ ಐಸಿಡಿ-9ರಲ್ಲಿ 14 ಸಾವಿರದಷ್ಟು ಕೋಡ್ ಇದ್ದವು. ಈಗ 70 ಸಾವಿರದ ಆಸುಪಾಸು. ಬಾತುಕೋಳಿ ಬಡಿದು ಗಾಯವಾದರೆ ಅದಕ್ಕೂ ಒಂದು ಕೋಡ್ ಇದೆ, ಡಬ್ಲ್ಯೂ61.62ಎಕ್ಸ್‌ಎ. ತಮಾಷೆಗೆ ಹೇಳಿದ್ದಲ್ಲ.

ಡಾಕ್ಟರ್ ಮಾಡಿದ ಕೆಲಸಕ್ಕೆ ಸಿಪಿಟಿ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಿಂದ ಹೊರತರುತ್ತಿರುವ ಪುಸ್ತಕ. ಕೋಡ್‌ಗಳಲ್ಲಿ ಐದು ಅಂಕೆ ಇರುತ್ತವೆ. ಎರಡು ಕೋನದಿಂದ ತೆಗೆದ ಎದೆಯ ಎಕ್ಸ್‌ರೇಗೆ 71046, ಇಸಿಜಿ ತೆಗೆದು ಓದಿ ಹೇಳಿದ್ದಕ್ಕೆ 93000, ಲ್ಯಾಪ್ರೋಸ್ಕೋಪ್‌ನಲ್ಲಿ ಅಪೆಂಡಿಕ್ಸ್ ತೆಗೆದದ್ದಕ್ಕೆ 44970.

ಮೂರನೆಯದು ಎಚ್‌ಸಿಪಿಸಿಎಸ್. ಇದನ್ನು ‘ಹಿಕ್‌ಪಿಕ್ಸ್’ ಅಂತಲೇ ಎಲ್ಲರೂ ಕರೆಯುವುದು. ಆಂಬುಲೆನ್ಸ್, ಗಾಲಿಕುರ್ಚಿ, ಚುಚ್ಚುಮದ್ದಿನ ಔಷಧ ಎಲ್ಲ ಇಲ್ಲಿರುತ್ತವೆ. ಒಂದು ಅಕ್ಷರ, ನಾಲ್ಕು ಅಂಕೆ.

ಆಸ್ಪತ್ರೆಯಲ್ಲಿ ಅಡ್ಮಿಟ್ ಆದವರ ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಯ ಬಿಲ್ಲಿನಲ್ಲಿ ಐಸಿಡಿ-10-ಪಿಸಿಎಸ್ ಎಂಬ ನಾಲ್ಕನೆಯ ಪುಸ್ತಕ ಬರುತ್ತದೆ. ಶುರುವಿನಲ್ಲಿ ಅದನ್ನು ಬದಿಗಿಡಿ.

ಹೆಜ್ಜೆ 3: ಹುಡುಕುವ ಕ್ರಮ ಕೈಗೆ ಹತ್ತಿಸಿಕೊಳ್ಳಿ

ಐಸಿಡಿ ಪುಸ್ತಕ ಎರಡು ಭಾಗ. ಮುಂದೆ ಅಕಾರಾದಿ ಸೂಚಿ, ಹಿಂದೆ ಕೋಡ್‌ಗಳ ಪೂರ್ತಿ ಪಟ್ಟಿ. ಸೂಚಿಯಲ್ಲಿ ಕೋಡ್ ಸಿಕ್ಕ ಕೂಡಲೇ ಬರೆದುಕೊಂಡು ಮುಂದೆ ಹೋಗುವುದು ಹೊಸಬರ ಚಾಳಿ. ಸಿಕ್ಕ ಕೋಡನ್ನು ಪಟ್ಟಿಯಲ್ಲಿ ಹೋಗಿ ನೋಡಲೇಬೇಕು. ‘ಇದರ ಜೊತೆ ಇನ್ನೊಂದು ಕೋಡ್ ಸೇರಿಸಿ’, ‘ಇದನ್ನೂ ಅದನ್ನೂ ಒಟ್ಟಿಗೆ ಹಾಕಬೇಡಿ’ ಎಂಬ ಟಿಪ್ಪಣಿಗಳೆಲ್ಲ ಅಲ್ಲೇ ಇರುವುದು.

ಬಲಗೈಯ ರೇಡಿಯಸ್ ಮೂಳೆ ಮಣಿಕಟ್ಟಿನ ಹತ್ತಿರ ಮುರಿದಿದೆ ಎಂದು ಚಾರ್ಟಿನಲ್ಲಿದೆ, ಬೇರೆ ವಿವರ ಇಲ್ಲ. ಕೋಡ್ ಎಸ್52.501ಎ. ಎಡಗೈ ಆಗಿದ್ದರೆ ಎಸ್52.502ಎ. ಚರ್ಮ ಸೀಳಿಕೊಂಡು ಬಂದ ಮುರಿತವೋ ಅಲ್ಲವೋ ಎಂದು ಡಾಕ್ಟರ್ ಬರೆದಿಲ್ಲದಿದ್ದರೆ ಒಳಗೇ ಮುರಿದದ್ದು ಎಂದು ಹಿಡಿಯಬೇಕೆಂದು ನಿಯಮವೇ ಹೇಳುತ್ತದೆ.

ಕೊನೆಯ ಆ ‘ಎ’ ಇದೆಯಲ್ಲ, ಅದರಲ್ಲಿ ಬೀಳದವರಿಲ್ಲ. ಪುಸ್ತಕದಲ್ಲಿ ಅದರ ಅರ್ಥ ‘ಮೊದಲ ಭೇಟಿ’ ಎನ್ನುವ ಹಾಗೆ ಕಾಣುತ್ತದೆ. ಹಾಗಲ್ಲ. ಗಾಯಕ್ಕೆ ನೇರ ಚಿಕಿತ್ಸೆ ನಡೆಯುತ್ತಿರುವಷ್ಟು ಕಾಲ ‘ಎ’. ರೋಗಿ ಮೂರನೆಯ ಡಾಕ್ಟರ್ ಬಳಿ ಹೋಗಿ ಆಪರೇಷನ್ ಮಾಡಿಸಿಕೊಂಡರೂ ‘ಎ’ನೇ. ವಾಸಿಯಾಗುವ ಹಂತದಲ್ಲಿ ತೋರಿಸಲು ಬಂದರೆ ‘ಡಿ’. ಹಳೆಯ ಗಾಯ ಉಳಿಸಿಹೋದ ತೊಂದರೆಗೆ ಬಂದರೆ ‘ಎಸ್’. ಏಳನೆಯ ಜಾಗದಲ್ಲಿ ಈ ಅಕ್ಷರ ಬರಬೇಕು, ಆದರೆ ಕೋಡ್ ಚಿಕ್ಕದು ಎಂದಾದರೆ ನಡುವಿನ ಖಾಲಿ ಜಾಗಕ್ಕೆ ‘ಎಕ್ಸ್’ ತುಂಬಿಸುತ್ತಾರೆ. ಬಾತುಕೋಳಿ ಕೋಡಿನಲ್ಲಿ ನೀವು ನೋಡಿದ ಎಕ್ಸ್ ಅದೇ.

ಹೆಜ್ಜೆ 4: ನಿಯಮಪುಸ್ತಕವನ್ನು ಮನೆಪಾಠದಂತೆ ಓದಿ

ಕೋಡಿಂಗ್‌ನ ಜೀವ ಇರುವುದು ಇಲ್ಲಿ. ಐಸಿಡಿಯ ಅಧಿಕೃತ ನಿಯಮಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಫೀಸ್ ಕಟ್ಟುವ ಮೊದಲು ಅದರ ಹತ್ತು ಪುಟ ಓದಿ ನೋಡಿ. ನಿದ್ದೆ ಬಂದರೆ ಯೋಚಿಸುವುದು ಒಳ್ಳೆಯದು.

ಕಲಿಯುವಾಗ ನಾನು ಮಾಡಿದ ಒಂದು ತಪ್ಪು ಇನ್ನೂ ನೆನಪಿದೆ. ಹೊರರೋಗಿಯೊಬ್ಬರ ಚಾರ್ಟಿನಲ್ಲಿ ‘ಕೆಮ್ಮು, ಜ್ವರ, ನ್ಯುಮೋನಿಯಾ ಇರಬಹುದು’ ಎಂದಿತ್ತು. ನಾನು ಖುಷಿಯಿಂದ ಜೆ18.9, ನ್ಯುಮೋನಿಯಾ ಎಂದು ಹಾಕಿದೆ. ಪೂರ್ತಿ ತಪ್ಪು. ಹೊರರೋಗಿಯಾದರೆ ‘ಇರಬಹುದು’, ‘ಅನುಮಾನ’ ಎನ್ನುವುದನ್ನೆಲ್ಲ ರೋಗ ಎಂದು ಕೋಡ್ ಮಾಡುವಂತಿಲ್ಲ. ಖಚಿತವಾಗಿ ಇರುವುದು ಕೆಮ್ಮು ಮತ್ತು ಜ್ವರ. ಅವಕ್ಕೆ ಆರ್05.9, ಆರ್50.9. ಅದೇ ರೋಗಿ ಅಡ್ಮಿಟ್ ಆಗಿ, ಡಿಸ್ಚಾರ್ಜ್ ವೇಳೆಗೂ ‘ನ್ಯುಮೋನಿಯಾ ಇರಬಹುದು’ ಎಂದೇ ಬರೆದಿದ್ದರೆ, ಆಸ್ಪತ್ರೆಯ ಕೋಡರ್ ಅದನ್ನು ನ್ಯುಮೋನಿಯಾ ಎಂದೇ ಹಾಕುತ್ತಾರೆ. ಮಾತು ಅದೇ, ರೋಗಿ ಅವರೇ, ಕೋಡ್ ಬೇರೆ. ಸುಮ್ನೆ ಇಟ್ಟ ನಿಯಮವಲ್ಲ ಇದು. ಇಲ್ಲದ ರೋಗವೊಂದು ಹೊರರೋಗಿಯ ದಾಖಲೆಯಲ್ಲಿ ಅಂಟಿಕೊಂಡರೆ ಬಿಡಿಸುವುದು ಕಷ್ಟ.

ಇದಕ್ಕೆ ತಿರುಗುಮುರುಗಾದ ನಿಯಮವೂ ಇದೆ. ಚಾರ್ಟಿನಲ್ಲಿ ಒಂದು ಕಡೆ ಸಕ್ಕರೆ ಕಾಯಿಲೆ, ಇನ್ನೊಂದು ಕಡೆ ಮೂರನೆಯ ಹಂತದ ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಎಂದಿದೆ. ಇದರಿಂದಲೇ ಅದು ಬಂತು ಎಂದು ಡಾಕ್ಟರ್ ಎಲ್ಲೂ ಬರೆದಿಲ್ಲ. ಆದರೂ ಎರಡಕ್ಕೂ ನಂಟಿದೆ ಎಂದೇ ಹಿಡಿದು ಇ11.22 ಹಾಕಿ, ಹಂತ ತೋರಿಸಲು ಎನ್18.30 ಸೇರಿಸಬೇಕು. ಸೂಚಿಯಲ್ಲಿ ಎರಡರ ನಡುವೆ ‘ಜೊತೆಗೆ’ ಎಂಬ ಪದ ಇರುವುದೇ ಇದಕ್ಕೆ ಆಧಾರ. ಮೂತ್ರಪಿಂಡದ ತೊಂದರೆಗೆ ಬೇರೆ ಕಾರಣ ಎಂದು ಡಾಕ್ಟರ್ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಬಿಡಿಸಬೇಕು. ಸಕ್ಕರೆ ಕಾಯಿಲೆ ಯಾವ ಬಗೆಯದು ಎಂದು ಬರೆದಿಲ್ಲವೇ? ಎರಡನೆಯ ಬಗೆ ಎಂದೇ ಲೆಕ್ಕ.

ಇಷ್ಟು ನಿಯಮ ಬಿಟ್ಟರೆ ನಿಮ್ಮ ಊಹೆಗೆ ಇಲ್ಲಿ ಜಾಗವಿಲ್ಲ. ಔಷಧಿ ಪಟ್ಟಿಯಲ್ಲಿ ಥೈರಾಯ್ಡ್ ಮಾತ್ರೆ ಇದೆ, ಆದರೆ ಥೈರಾಯ್ಡ್ ಕಾಯಿಲೆ ಎಂದು ಡಾಕ್ಟರ್ ಬರೆದಿಲ್ಲ ಅನ್ನಿ. ನಿಮಗೆ ಗೊತ್ತಿದ್ದರೂ ಕೋಡ್ ಹಾಕುವಂತಿಲ್ಲ. ಡಾಕ್ಟರಿಗೆ ಬರಹದಲ್ಲಿ ಪ್ರಶ್ನೆ ಕಳಿಸಬೇಕು. ಅದಕ್ಕೆ ‘ಕ್ವೆರಿ’ ಅನ್ನುತ್ತಾರೆ. ‘ಥೈರಾಯ್ಡ್ ಇದೆ ಅಂತ ಬರೀರಿ’ ಎಂದು ಕೇಳುವುದು ಕ್ವೆರಿ ಅಲ್ಲ, ಉತ್ತರ ಬಾಯಿಗೆ ತುರುಕಿದಂತೆ. ‘ಈ ಮಾತ್ರೆ ಯಾವ ತೊಂದರೆಗೆ ಕೊಟ್ಟಿದ್ದೀರಿ?’ ಎಂದು ಕೇಳಬೇಕು.

ಹೆಜ್ಜೆ 5: ದುಡ್ಡಿನ ದಾರಿ ನೋಡಿ

ಕೋಡರ್ ಆಗುವವರೂ ಬಿಲ್ಲಿಂಗ್ ಕಲಿಯಲೇಬೇಕು ಎನ್ನುವುದು ನನ್ನ ಹಟ. ತಾವು ಹಾಕಿದ ಕೋಡ್ ಆಮೇಲೆ ಏನಾಯಿತು ಎಂದು ನೋಡದವರು ಅದೇ ತಪ್ಪನ್ನು ವರ್ಷಗಟ್ಟಲೆ ಮಾಡುತ್ತಾರೆ.

ಡಾಕ್ಟರ್ ಕೆಲಸದ ಕ್ಲೈಮ್ ಸಿಎಂಎಸ್-1500 ಎಂಬ ನಮೂನೆಯಲ್ಲಿ, ಆಸ್ಪತ್ರೆಯದು ಯುಬಿ-04ರಲ್ಲಿ ಹೋಗುತ್ತದೆ. ಈಗ ಕಾಗದ ಕಡಿಮೆ, 837 ಎಂಬ ಎಲೆಕ್ಟ್ರಾನಿಕ್ ಫೈಲೇ ಜಾಸ್ತಿ. ನಡುವೆ ಕ್ಲಿಯರಿಂಗ್‌ಹೌಸ್ ಎಂಬ ಜರಡಿ ಇರುತ್ತದೆ. ಹುಟ್ಟಿದ ದಿನಾಂಕ, ಪಾಲಿಸಿ ನಂಬರ್ ತಪ್ಪಿದ್ದರೆ ಅಲ್ಲೇ ವಾಪಸ್. ಅದು ರಿಜೆಕ್ಷನ್. ತಿದ್ದಿ ಮತ್ತೆ ಕಳಿಸಿದರೆ ಆಯಿತು. ಇನ್ಶೂರೆನ್ಸ್ ಕಂಪನಿ ಕ್ಲೈಮ್ ತೆಗೆದುಕೊಂಡು, ನೋಡಿ, ಕೊಡುವುದಿಲ್ಲ ಎಂದರೆ ಅದು ಡಿನಯಲ್. ಅಲ್ಲಿಂದ ತಿದ್ದುಪಡಿ, ಮೇಲ್ಮನವಿ ಎಂದು ಬೇರೆಯೇ ಓಡಾಟ.

ಡಿನಯಲ್‌ಗೂ ಕೋಡ್ ಉಂಟು. 16 ಎಂದರೆ ಮಾಹಿತಿ ಸಾಲದು ಅಥವಾ ತಪ್ಪಾಗಿದೆ. 18 ಎಂದರೆ ಅದೇ ಕ್ಲೈಮ್ ಎರಡನೆಯ ಸಲ ಬಂದಿದೆ. 50 ಎಂದರೆ ಈ ಚಿಕಿತ್ಸೆ ಬೇಕಿರಲಿಲ್ಲ ಎಂದು ಅವರ ವಾದ. 97 ಎಂದರೆ ಇದರ ದುಡ್ಡು ಇನ್ನೊಂದು ಸೇವೆಯಲ್ಲೇ ಸೇರಿಹೋಗಿದೆ. ಎಲ್ಲಕ್ಕಿಂತ ಹೊಟ್ಟೆ ಉರಿಸುವುದು 29. ಗಡುವು ಮುಗಿದಿದೆ ಎಂದರ್ಥ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್‌ಗೆ ಸೇವೆ ಕೊಟ್ಟ ದಿನದಿಂದ ಒಂದು ವರ್ಷ ಗಡುವು. ಖಾಸಗಿ ಕಂಪನಿಗಳದು ಇದಕ್ಕಿಂತ ಕಡಿಮೆ ಇರುವುದೂ ಉಂಟು.

ಇಲ್ಲೇ ಇನ್ನೊಂದು ಮಾತು. ಮಾಡಿದ್ದಕ್ಕಿಂತ ದೊಡ್ಡ ಕೆಲಸದ ಕೋಡ್ ಹಾಕುವುದು ಅಪ್‌ಕೋಡಿಂಗ್. ಒಟ್ಟಿಗೆ ಹಾಕಬೇಕಾದ್ದನ್ನು ಬಿಡಿಸಿ ಹಾಕುವುದು ಅನ್‌ಬಂಡ್ಲಿಂಗ್. ಸರ್ಕಾರದ ದುಡ್ಡಿರುವ ಕ್ಲೈಮಿನಲ್ಲಿ ಗೊತ್ತಿದ್ದೂ ಹೀಗೆ ಮಾಡಿದರೆ 1863ರ ಫಾಲ್ಸ್ ಕ್ಲೈಮ್ಸ್ ಕಾಯ್ದೆ ಬೆನ್ನಿಗೆ ಬೀಳುತ್ತದೆ. ‘ಮೇಲಿನವರು ಹೇಳಿದರು, ಮಾಡಿದೆ’ ಎನ್ನುವ ಮಾತನ್ನು ನಂಬಿಕೊಂಡು ಕೂರಬೇಡಿ. ರೋಗಿಯ ವಿವರವನ್ನು ಗುಟ್ಟಾಗಿಡುವ 1996ರ ಹಿಪಾ ಕಾಯ್ದೆಯನ್ನೂ ಇದೇ ಹಂತದಲ್ಲಿ ಓದಿಕೊಳ್ಳಿ.

ಹೆಜ್ಜೆ 6: ತರಬೇತಿ, ಪರೀಕ್ಷೆ

ತರಬೇತಿ ಕೊಡುವವರನ್ನು ಮೂರು ಪ್ರಶ್ನೆ ಕೇಳಿ. ಎಷ್ಟು ಪೂರ್ತಿ ಚಾರ್ಟ್‌ಗಳನ್ನು ನಮ್ಮ ಕೈಯಲ್ಲೇ ಕೋಡ್ ಮಾಡಿಸುತ್ತೀರಿ? ಈ ವರ್ಷದ ಪುಸ್ತಕದಲ್ಲೇ ಪಾಠ ಮಾಡುತ್ತೀರಾ? ಪಾಠ ಮಾಡುವವರ ಬಳಿ ಚಾಲ್ತಿಯಲ್ಲಿರುವ ಪ್ರಮಾಣಪತ್ರ ಇದೆಯಾ? ಉತ್ತರ ತೇಲಿಸಿದರೆ ಎದ್ದು ಬನ್ನಿ. ‘ಕೆಲಸ ಗ್ಯಾರಂಟಿ’ ಎಂದು ಮೊದಲ ಮಾತಿನಲ್ಲೇ ಹೇಳುವವರ ಬಳಿ ಕೂರುವುದೇ ಬೇಡ.

ಹೆಚ್ಚಿನವರು ಬರೆಯುವುದು ಕೋಡರ್‌ಗಳಿಗೆ ಪ್ರಮಾಣಪತ್ರ ಕೊಡುವ ಅಮೆರಿಕದ ಎಎಪಿಸಿ ಸಂಸ್ಥೆಯ ಸಿಪಿಸಿ ಪರೀಕ್ಷೆ. 100 ಪ್ರಶ್ನೆ, 4 ಗಂಟೆ, ಪಾಸಾಗಲು ಶೇ 70. ಕೋಡ್ ಪುಸ್ತಕ ನೋಡಿಕೊಂಡೇ ಬರೆಯಬಹುದು. ಹಾಗೆಂದು ಸುಲಭ ಅಂದುಕೊಂಡರೆ ಕೆಟ್ಟಿರಿ. ಲೆಕ್ಕ ಹಾಕಿ ನೋಡಿ, ಒಂದು ಪ್ರಶ್ನೆಗೆ ಸಿಗುವುದು ಎರಡು ನಿಮಿಷ ಚಿಲ್ಲರೆ. ಪುಟ ತಿರುಗಿಸುತ್ತಾ ಕೂತರೆ ಅರ್ಧದಲ್ಲೇ ಗಂಟೆ ಹೊಡೆಯುತ್ತದೆ. ಗಡಿಯಾರ ಇಟ್ಟುಕೊಂಡು ಪೂರ್ತಿ ನಾಲ್ಕು ಗಂಟೆಯ ಅಣಕು ಪರೀಕ್ಷೆ ಬರೆದು ಅಭ್ಯಾಸ ಮಾಡಿ. ಬಿಲ್ಲಿಂಗ್ ಕಡೆ ಒಲವಿದ್ದರೆ ಅದೇ ಸಂಸ್ಥೆಯ ಸಿಪಿಬಿ ಇದೆ. ಅಹಿಮಾ ಎಂಬ ಇನ್ನೊಂದು ಸಂಸ್ಥೆ 1928ರಿಂದ ಇದೆ. ಅದರ ಸಿಸಿಎ ಹೊಸಬರಿಗೆ. ಸಿಸಿಎಸ್ ಪಳಗಿದವರಿಗೆ, ಆಸ್ಪತ್ರೆಯ ಒಳರೋಗಿ ಕೋಡಿಂಗ್‌ನಲ್ಲಿ ಅದಕ್ಕೆ ಬೆಲೆ ಜಾಸ್ತಿ.

ಹೆಜ್ಜೆ 7: ಹೆಸರಿನ ಮುಂದಿನ ‘ಎ’

ಸಿಪಿಸಿ ಪಾಸಾದರೂ ಅನುಭವ ಇಲ್ಲದವರಿಗೆ ‘ಸಿಪಿಸಿ-ಎ’ ಎಂದು ಸಿಗುತ್ತದೆ. ‘ಎ’ ಎಂದರೆ ಅಪ್ರೆಂಟಿಸ್. ಎರಡು ವರ್ಷ ಕೆಲಸ ಮಾಡಿದರೆ ಅದು ಹೋಗುತ್ತದೆ. 80 ಗಂಟೆಗಳ ಕೋಡಿಂಗ್ ತರಬೇತಿ ಪಡೆದ ದಾಖಲೆ ಕೊಟ್ಟರೆ ಒಂದು ವರ್ಷದ ಅನುಭವ ಸಾಕು. ಆದ್ದರಿಂದ ಕೋರ್ಸಿನ ಸರ್ಟಿಫಿಕೇಟನ್ನು ಜೋಪಾನವಾಗಿಡಿ.

ಈ ‘ಎ’ ಇರುವವರಿಗೆ ಮೊದಲ ಕೆಲಸ ಸಿಗುವುದೇ ಕಷ್ಟ. ಇದನ್ನು ಮುಚ್ಚಿಡುವುದು ಸರಿಯಲ್ಲ. ಬಂದ ದುಡ್ಡನ್ನು ಖಾತೆಗೆ ಹೊಂದಿಸುವ ಪೇಮೆಂಟ್ ಪೋಸ್ಟಿಂಗ್, ಡಿನಯಲ್ ಬೆನ್ನು ಹತ್ತುವ ಕೆಲಸ, ಮೆಡಿಕಲ್ ರೆಕಾರ್ಡ್ಸ್ ವಿಭಾಗ, ಯಾವುದು ಸಿಕ್ಕರೂ ಒಳಗೆ ಹೋಗಿ. ಡಿನಯಲ್ ಮೇಜಿನಲ್ಲಿ ಆರು ತಿಂಗಳು ಕೂತವರು ಕೋಡಿಂಗ್‌ಗೆ ಬಂದಾಗ ಅವರ ಕೈ ಬೇರೆಯೇ ಇರುತ್ತದೆ.

ಪ್ರಮಾಣಪತ್ರ ಉಳಿಸಿಕೊಳ್ಳಲು ಎರಡು ವರ್ಷಕ್ಕೊಮ್ಮೆ 36 ಕಲಿಕೆಯ ಅಂಕ ತೋರಿಸಬೇಕು. ಕೋಡ್‌ಗಳೂ ನಿಂತಲ್ಲಿ ನಿಲ್ಲುವುದಿಲ್ಲ. ಐಸಿಡಿ ಪ್ರತಿ ಅಕ್ಟೋಬರ್ 1ಕ್ಕೆ, ಸಿಪಿಟಿ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ. ಮೇಲೆ ಹೇಳಿದ ಕೆಮ್ಮನ್ನೇ ನೋಡಿ. 2021ರ ಅಕ್ಟೋಬರ್‌ವರೆಗೆ ಬರೀ ಆರ್05 ಸಾಕಿತ್ತು. ಆಮೇಲೆ ಅದು ಹೊಸ ಕೆಮ್ಮು, ಹಳೆಯ ಕೆಮ್ಮು ಎಂದು ಹಲವು ಹೋಳಾಯಿತು. ಈಗ ಯಾರಾದರೂ ಬರೀ ಆರ್05 ಹಾಕಿ ಕಳಿಸಿದರೆ ಕ್ಲೈಮ್ ಕ್ಲಿಯರಿಂಗ್‌ಹೌಸ್ ದಾಟುವುದಿಲ್ಲ. ಹಾಗಾಗಿ ಹಳೆಯ ಕೋಡ್ ಪುಸ್ತಕ ಅರ್ಧ ಬೆಲೆಗೆ ಸಿಕ್ಕಿತು ಎಂದು ಕೊಳ್ಳಲು ಹೋಗಬೇಡಿ.