ಲಾನ್‌ನಿಂದ ಕೆರೆದ ಪಾಚಿ: ಎಸೆಯುವ ಮುಂಚೆ ಇಷ್ಟು ನೋಡಿ

ಚಳಿ, ಮಳೆ ಜಾಸ್ತಿ ಇರುವ ದೇಶಕ್ಕೆ ಬಂದು, ಹಿಂದೆ ಸಣ್ಣದೊಂದು ಹುಲ್ಲುಹಾಸು ಇರುವ ಮನೆ ಹಿಡಿದವರಿಗೆ ಮೊದಲ ವಸಂತದಲ್ಲೇ ಒಂದು ವಿಷಯ ಗೊತ್ತಾಗುತ್ತದೆ. ಕಿಟಕಿಯಿಂದ ಹಸಿರಾಗಿ ಕಂಡದ್ದರಲ್ಲಿ ಎಷ್ಟೋ ಭಾಗ ಹುಲ್ಲೇ ಅಲ್ಲ, ಪಾಚಿ (ಮಾಸ್). ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ. ಪಕ್ಕದ ಮನೆಯವರು ತಂತಿ ಹಲ್ಲಿನ ರೇಕ್ ಹಿಡಿದು ಕೆರೆಯುವುದನ್ನು ನೋಡಿ ನೀವೂ ಶುರು ಮಾಡುತ್ತೀರಿ. ಸಂಜೆಯ ಹೊತ್ತಿಗೆ ಅಂಗಳದ ತುಂಬ ಪಾಚಿಯ ಗುಡ್ಡೆ. ಕಸದ ಡಬ್ಬಿ ಆಗಲೇ ತುಂಬಿರುತ್ತದೆ. ಇಷ್ಟೊಂದು ಎಲ್ಲಿತ್ತಪ್ಪಾ ಅನಿಸುತ್ತದೆ.

ಇದನ್ನು ಏನು ಮಾಡುವುದು ಎಂದು ಹೊಸಬರು ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಕೆರೆಯುವ ಮುಂಚೆ ಲಾನ್‌ಗೆ ಏನಾದರೂ ಹಾಕಿದ್ದರಾ? ನೀವು ಹಾಕಿಲ್ಲದೆ ಇರಬಹುದು. ಮನೆ ಮಾಲೀಕರು, ಹಿಂದೆ ಇದ್ದವರು, ಅಥವಾ ಹುಲ್ಲು ಕತ್ತರಿಸಲು ಬರುವವರು ಹಾಕಿರಬಹುದು. ಕೇಳಿ ತಿಳಿದುಕೊಳ್ಳಿ. ಪಾಚಿ ಯಾವ ಕೆಲಸಕ್ಕೆ ಬರುತ್ತದೆ ಎನ್ನುವುದು ಈ ಉತ್ತರದ ಮೇಲೇ ನಿಂತಿದೆ.

ಸಾಮಾನ್ಯವಾಗಿ ಹಾಕುವುದು ಫೆರಸ್ ಸಲ್ಫೇಟ್, ಅಂದರೆ ಕಬ್ಬಿಣದ ಒಂದು ಲವಣ. ಇದು ಬಿದ್ದ ಕೆಲವೇ ದಿನಗಳಲ್ಲಿ ಪಾಚಿ ಕಪ್ಪಾಗಿ ಸಾಯುತ್ತದೆ, ಹುಲ್ಲು ಮಾತ್ರ ಇನ್ನೂ ಗಾಢ ಹಸಿರಾಗುತ್ತದೆ. ಲಾನ್ ನೋಡಿದ ಕೂಡಲೇ ಗೊತ್ತಾಗುತ್ತದೆ: ಪಾಚಿ ಇದ್ದಲ್ಲೆಲ್ಲ ಸುಟ್ಟ ಹಾಗೆ ಕಪ್ಪು ತೇಪೆ. ಇದೇ ಪುಡಿ ಚಪ್ಪಡಿ ಕಲ್ಲಿನ ಮೇಲೆ ಬಿದ್ದು ಒದ್ದೆಯಾದರೆ ತುಕ್ಕಿನ ಕಲೆ ಹಿಡಿಯುತ್ತದೆ, ತೊಳೆದರೂ ಸುಲಭಕ್ಕೆ ಹೋಗುವುದಿಲ್ಲ. ಬಾಡಿಗೆ ಮನೆಯಲ್ಲಿ ಇರುವವರು ಇದನ್ನು ನೆನಪಿಟ್ಟುಕೊಳ್ಳಿ. ಹೀಗೆ ಕಪ್ಪಾದ ಪಾಚಿಯನ್ನು ಕಾಂಪೋಸ್ಟ್‌ಗೆ ಸ್ವಲ್ಪ ಸ್ವಲ್ಪ ಬೆರೆಸಬಹುದು. ಮುಂದೆ ಹೇಳುವ ಹಕ್ಕಿಗೂಡು, ಕುಂಡ, ತೂಗುಬುಟ್ಟಿಗಳಿಗೆ ಬೇಡ.

ಇನ್ನೊಂದು ಬಗೆ ಇದಕ್ಕಿಂತ ತಲೆನೋವಿನದು. ಗೊಬ್ಬರ, ಪಾಚಿನಾಶಕ, ಕಳೆನಾಶಕ ಮೂರನ್ನೂ ಒಟ್ಟಿಗೆ ಬೆರೆಸಿದ ಪುಡಿ ಸಿಗುತ್ತದೆ. ಅದರಲ್ಲಿರುವ ಕಳೆನಾಶಕ ಹುಲ್ಲನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲಲು ಮಾಡಿದ್ದು. ಟೊಮೇಟೊ, ಬೀನ್ಸ್ ಗಿಡಗಳೂ ಅಗಲ ಎಲೆಯವೇ ಅಲ್ವಾ? ಕ್ಲೋಪೈರಾಲಿಡ್‌ನಂಥ ಕೆಲವು ಕಳೆನಾಶಕಗಳು ಕಾಂಪೋಸ್ಟ್ ಆದ ಮೇಲೂ ಪೂರ್ತಿ ಕೊಳೆಯದೆ ಉಳಿಯುತ್ತವೆ, ಆ ಗೊಬ್ಬರ ಹಾಕಿದರೆ ಎಳೆ ಎಲೆಗಳು ಮುದುಡಿ ಸುರುಳಿಯಾಗುತ್ತವೆ. ಪೊಟ್ಟಣದ ಹಿಂದೆ ಸಣ್ಣ ಅಕ್ಷರದಲ್ಲಿ ಇದನ್ನೆಲ್ಲ ಬರೆದಿರುತ್ತಾರೆ: ಹಾಕಿದ ಮೇಲೆ ಎಷ್ಟು ಸಲದ ಕತ್ತರಿಸಿದ ಹುಲ್ಲನ್ನು ಕಾಂಪೋಸ್ಟ್‌ಗೆ ಹಾಕಬಾರದು, ಎಷ್ಟು ತಿಂಗಳು ಕಾಯಬೇಕು ಎಂದು. ಕೆರೆದ ಪಾಚಿಗೂ ಅದೇ ನಿಯಮ ಎಂದುಕೊಳ್ಳಿ. ಪೊಟ್ಟಣ ಇಲ್ಲ, ಏನು ಹಾಕಿದ್ದರೋ ಯಾರಿಗೂ ಗೊತ್ತಿಲ್ಲ ಅಂದರೆ ಆ ಸಲದ ಪಾಚಿಯನ್ನು ತೋಟದ ಕಸ ಒಯ್ಯುವವರಿಗೆ ಕೊಟ್ಟುಬಿಡಿ. ಕೊಡುವಾಗ ಔಷಧಿ ಹಾಕಿರಬಹುದು ಅಂತ ಹೇಳಿ, ಕೊಡಬಹುದಾ ಅಂತ ಕೇಳಿ ನೋಡಿ, ಕೆಲವು ಕಡೆ ಅದಕ್ಕೆ ಬೇರೆ ನಿಯಮ ಇರುತ್ತದೆ.

ಏನೂ ಹಾಕದ ಹಸಿರು ಪಾಚಿ ಸಿಕ್ಕಿದೆ ಅನ್ನೋಣ. ಆಗ ಅದು ಕಸವಲ್ಲ, ಒಳ್ಳೆಯ ಸರಕು.

ಒಂದು ಎಚ್ಚರಿಕೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಪಾಚಿಗೆ ಬೇರಿಲ್ಲ. ನೆಲ ಹಿಡಿದುಕೊಳ್ಳಲು ಕೂದಲಿನಂಥ ಸಣ್ಣ ಎಳೆಗಳಿವೆ ಅಷ್ಟೇ. ನೀರು ಕುಡಿಯುವುದೆಲ್ಲ ಮುಖ್ಯವಾಗಿ ಎಲೆಗಳಿಂದ. ಹಾಗಾಗಿ ಒಂದು ತುಣುಕು ಎಲ್ಲೋ ಒದ್ದೆ ನೆರಳಲ್ಲಿ ಬಿದ್ದರೂ ಮತ್ತೆ ಚಿಗುರಬಲ್ಲದು. ಜೀವಂತ ಪಾಚಿಯನ್ನು ಅಡ್ಡಾದಿಡ್ಡಿ ಕೆರೆದರೆ ಲಾನ್‌ನ ಒಳ್ಳೆಯ ಭಾಗಕ್ಕೂ ನೀವೇ ಹಂಚಿದ ಹಾಗಾಗುತ್ತದೆ. ಅಂಚಿನಿಂದ ಪಾಚಿಯ ಮಧ್ಯಕ್ಕೆ ಎಳೆಯಿರಿ, ಅಲ್ಲಿಂದ ಎತ್ತಿ ಚೀಲಕ್ಕೆ ಹಾಕಿ. ಹುಲ್ಲು ಬೆಳೆಯುವ ಹುರುಪಿನಲ್ಲಿರುವ ವಸಂತ ಅಥವಾ ಶರತ್ಕಾಲದ ಶುರು ಇದಕ್ಕೆ ಸರಿಯಾದ ಹೊತ್ತು. ಬೇಸಿಗೆಯ ಒಣ ದಿನಗಳಲ್ಲಿ ಕೆರೆದರೆ ಹುಲ್ಲೂ ಸೊರಗುತ್ತದೆ.

ಈಗ ಕಾಂಪೋಸ್ಟ್ ವಿಷಯ. ಜಾಸ್ತಿ ಜನ ಮೊದಲು ಮಾಡುವುದು ಇದೇ, ಬೇಸರ ಪಡುವುದೂ ಇಲ್ಲೇ. ಇಡೀ ಗುಡ್ಡೆಯನ್ನು ಒಂದೇ ಸಲ ಕಾಂಪೋಸ್ಟ್ ಡಬ್ಬಿಗೆ ತುಂಬಿದರೆ ವರ್ಷದ ಮೇಲೆ ತೆಗೆದು ನೋಡಿದಾಗಲೂ ಅದು ಹಾಗೇ ಕೂತಿರುತ್ತದೆ. ಪಾಚಿಯಲ್ಲಿ ಸಾರಜನಕ ಕಡಿಮೆ, ಜೊತೆಗೆ ಕೊಳೆಯುವುದನ್ನು ತಡೆಯುವ ಫೀನಾಲ್ ಬಗೆಯ ರಾಸಾಯನಿಕಗಳಿವೆ. ಮೇಲಾಗಿ ಒದ್ದೆಯಾದಾಗ ಚಾಪೆಯ ಹಾಗೆ ಒತ್ತಿಕೊಂಡು ಗಾಳಿಯಾಡಲು ಬಿಡುವುದಿಲ್ಲ.

ಇದಕ್ಕೆ ಮದ್ದು ಲಾನ್‌ನಲ್ಲೇ ಇದೆ. ಹಸಿ ಹುಲ್ಲಿನ ಕತ್ತರಿಕೆಯ ತೊಂದರೆ ಪಾಚಿಗೆ ಪೂರ್ತಿ ಉಲ್ಟಾ: ಅದರಲ್ಲಿ ಸಾರಜನಕ ಜಾಸ್ತಿ, ಬೇಗ ಕೊಳೆತು ಲೋಳೆಯಾಗಿ ವಾಸನೆ ಹೊಡೆಯುತ್ತದೆ. ಎರಡನ್ನೂ ಬೆರೆಸಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಪಾಚಿಯನ್ನು ಮೊದಲು ಹರಡಿ ಒಂದೆರಡು ದಿನ ಒಣಗಿಸಿ, ಅದರ ಮೇಲೆ ಹುಲ್ಲು ಕತ್ತರಿಸುವ ಯಂತ್ರ ಓಡಿಸಿ. ನುಚ್ಚಾಗುತ್ತದೆ. ಅದನ್ನು ಡಬ್ಬಿಯ ಮಧ್ಯಭಾಗಕ್ಕೆ ತೆಳು ಪದರವಾಗಿ ಹಾಕಿ, ಮೇಲೆ ಹಸಿ ಹುಲ್ಲು, ಅದರ ಮೇಲೆ ಒಣ ಕಡ್ಡಿ ಅಥವಾ ಹರಿದ ರಟ್ಟು. ಮೇಲ್ಮೈಯಲ್ಲಿ ಬಿಟ್ಟರೆ ಬೆಳಕು ಕಂಡು ಮತ್ತೆ ಹಸಿರಾಗುತ್ತದೆ. ಪಾಚಿಯ ಬೀಜಕಣ ಗೊಬ್ಬರದಲ್ಲಿ ಉಳಿದರೆ ಅಂತ ಕೆಲವರು ಹೆದರುತ್ತಾರೆ. ಅದು ಗಾಳಿಯಲ್ಲಿ ಎಲ್ಲೆಡೆ ತೇಲುತ್ತಲೇ ಇರುತ್ತದೆ, ನಿಮ್ಮ ಡಬ್ಬಿಯಿಂದ ಹೊಸದಾಗಿ ಬರಬೇಕಾಗಿಲ್ಲ.

ಡಬ್ಬಿಗೆ ಹಿಡಿಸದಷ್ಟು ಇದ್ದರೆ ಬೇರೆ ದಾರಿ ಇದೆ. ಉದುರಿದ ಎಲೆಗಳ ಜೊತೆ ಸೇರಿಸಿ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಒದ್ದೆ ಮಾಡಿ, ಅಲ್ಲಲ್ಲಿ ತೂತು ಹಾಕಿ, ಬಾಯಿ ಕಟ್ಟಿ ಒಂದು ಮೂಲೆಗೆ ಇಟ್ಟು ಮರೆತುಬಿಡಿ. ಎರಡು ವರ್ಷವಾದರೂ ಬೇಕು. ಕೊನೆಗೆ ಸಿಗುವುದು ಸತ್ವ ಕಡಿಮೆಯ, ಆದರೆ ನೀರು ಹಿಡಿಯುವ ಪುಡಿ. ಜೇಡಿಮಣ್ಣನ್ನು ಸಡಿಲಗೊಳಿಸಲು ಒಳ್ಳೆಯದು.

ಅಷ್ಟು ಕಾಯುವ ತಾಳ್ಮೆ ಇಲ್ಲದವರು ಪೊದೆಗಳ ಬುಡಕ್ಕೆ ಹೊದಿಕೆಯಾಗಿ ಹಾಕಬಹುದು. ಹಸಿರು ಭಾಗ ಕೆಳಗೆ ಮಾಡಿ ಹಾಕಿದರೆ ಬೇಗ ಒಣಗುತ್ತದೆ. ಕಾಂಡಕ್ಕೆ ತಾಗಿಸಬೇಡಿ.

ನನಗೆ ಇಷ್ಟವಾದ ಉಪಯೋಗ ತೂಗುಬುಟ್ಟಿ. ತಂತಿಯ ಬುಟ್ಟಿಯೊಳಗೆ ಮಣ್ಣು ಜಾರದಂತೆ ಒಂದು ಒಳಪದರ ಬೇಕಲ್ಲ, ಅದಕ್ಕೆ ಹಿಂದಿನಿಂದಲೂ ಬಳಸುತ್ತಿದ್ದದ್ದು ಸ್ಫ್ಯಾಗ್ನಮ್ ಎನ್ನುವ ಜೌಗು ನೆಲದ ಪಾಚಿ. ಅದನ್ನು ಕಿತ್ತು ತರುವುದರಿಂದ ಜೌಗಿಗೇ ಪೆಟ್ಟು. ಜೌಗಿನಲ್ಲಿ ಸ್ಫ್ಯಾಗ್ನಮ್ ಅರೆಬರೆ ಕೊಳೆತು ಆಗುವ ಪೀಟ್ ವರ್ಷಕ್ಕೆ ಬರೀ 1 ಮಿಲಿಮೀಟರ್‌ನಷ್ಟು ದಪ್ಪವಾಗುತ್ತದೆ. ಮನೆ ಅಂಗಳದಲ್ಲೇ ಪುಕ್ಕಟೆ ಪಾಚಿ ಬಿದ್ದಿರುವಾಗ ಅದನ್ನು ದುಡ್ಡು ಕೊಟ್ಟು ತರುವುದು ಯಾಕೆ?

ಆದರೆ ಲಾನ್ ಪಾಚಿ ಸ್ಫ್ಯಾಗ್ನಮ್ ಅಲ್ಲ ಎನ್ನುವುದು ನೆನಪಿರಲಿ. ಸ್ಫ್ಯಾಗ್ನಮ್ ಎಲೆಗಳಲ್ಲಿ ನೀರು ತುಂಬಿಟ್ಟುಕೊಳ್ಳುವ ಟೊಳ್ಳು ಕೋಶಗಳಿವೆ, ತನ್ನ ಒಣ ತೂಕದ ಹತ್ತಾರು ಪಟ್ಟು ನೀರು ಹಿಡಿಯುತ್ತದೆ. ಲಾನ್ ಪಾಚಿಗೆ ಆ ಕೋಶಗಳಿಲ್ಲ, ಎಳೆಗಳೂ ಗಿಡ್ಡ. ಹಾಗಾಗಿ ಪದರ ದಪ್ಪ ಇರಬೇಕು. ಹುಲ್ಲಿನ ಬೇರು, ಕಲ್ಲು ಆರಿಸಿ ತೆಗೆದು, ಪಾಚಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಹಸಿರು ಭಾಗ ಹೊರಗೆ ಬರುವಂತೆ ಕೆಳಗಿನಿಂದ ಒತ್ತುತ್ತ ಬನ್ನಿ. ಒತ್ತಿದ ಮೇಲೆ ಎರಡು ಬೆರಳಿನಷ್ಟಾದರೂ ದಪ್ಪ ಇರಲಿ. ಒಳಗೆ ಹಳೆಯ ಪ್ಲಾಸ್ಟಿಕ್ ಚೀಲಕ್ಕೆ ತೂತು ಹಾಕಿ ಹಾಸಿದರೆ ಬೇಗ ಒಣಗುವುದಿಲ್ಲ. ಬಿಸಿಲಿಗೆ ಪಾಚಿ ಕಂದಾದರೆ ಗಾಬರಿ ಬೇಡ, ಎಷ್ಟೋ ಸಲ ನೀರು ಬಿದ್ದರೆ ಮತ್ತೆ ಹಸಿರಾಗುತ್ತದೆ.

ಗೂಟಿ ಕಟ್ಟಿ (ಕೊಂಬೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸಿ ಹೊಸ ಗಿಡ ಮಾಡುವುದು) ಅಭ್ಯಾಸ ಇರುವವರಿಗೆ ಇನ್ನೊಂದು ಉಪಯೋಗ ತಾನಾಗಿ ಹೊಳೆದಿರಬೇಕು. ಮನೆಯೊಳಗಿನ ರಬ್ಬರ್ ಗಿಡ, ಕ್ರೋಟನ್, ದಾಸವಾಳ ಉದ್ದುದ್ದ ಬೆಳೆದು ಬುಡ ಬೋಳಾದಾಗ ಈ ಪಾಚಿ ಉಪಯೋಗಕ್ಕೆ ಬರುತ್ತದೆ. ಹೊರಗಿನಿಂದ ತಂದ ಪಾಚಿಯಲ್ಲಿ ಗೊಂಡೆಹುಳದ ಮೊಟ್ಟೆ, ಕಳೆ ಬೀಜ ಇದ್ದೇ ಇರುತ್ತವೆ, ಆದ್ದರಿಂದ ಮೊದಲು ಕುದಿಯುವ ನೀರು ಸುರಿದು ಆರಿಸಿ. ಪೆನ್ಸಿಲ್ ದಪ್ಪದ ಕೊಂಬೆಯಲ್ಲಿ ಒಂದು ಇಂಚಿನಷ್ಟು ತೊಗಟೆಯನ್ನು ಉಂಗುರದ ಹಾಗೆ ತೆಗೆದು, ಹಿಂಡಿದ ಪಾಚಿ ಒಂದು ಹಿಡಿ ಸುತ್ತಿ, ಪ್ಲಾಸ್ಟಿಕ್ ಸುತ್ತಿ, ಎರಡೂ ತುದಿ ಬಿಗಿಯಾಗಿ ಕಟ್ಟಿ. ಲಾನ್ ಪಾಚಿ ಬೇಗ ಒಣಗುವುದರಿಂದ ವಾರಕ್ಕೊಮ್ಮೆ ಮುಟ್ಟಿ ನೋಡಿ ಸ್ವಲ್ಪ ನೀರು ಬಿಡಿ. ಬೇರು ಬರಲು ಗಿಡ ನೋಡಿಕೊಂಡು ತಿಂಗಳುಗಳೇ ಹಿಡಿಯಬಹುದು, ಚಳಿಗಾಲದಲ್ಲಿ ಸುಮ್ನೆ ಪ್ರಯತ್ನ ಬೇಡ. ಇದೇ ಪಾಚಿಯನ್ನು ತಂತಿ ಜಾಲರಿಯ ಕೊಳವೆಗೆ ತುರುಕಿ ಮನಿ ಪ್ಲಾಂಟ್ ಪಕ್ಕ ನಿಲ್ಲಿಸಬಹುದು. ಬಳ್ಳಿ ಮೇಲಕ್ಕೆ ಹತ್ತುತ್ತ ಹೋದ ಹಾಗೆ ಎಲೆ ದೊಡ್ಡದಾಗುತ್ತದೆ. ಕುಂಡದ ತಳದ ತೂತಿಗೆ ಓಡು ಚೂರಿನ ಬದಲು ಒಂದು ಹಿಡಿ ಪಾಚಿ ಇಟ್ಟರೂ ಮಣ್ಣು ಕೊಚ್ಚಿಹೋಗುವುದಿಲ್ಲ. ಚೆನ್ನಾಗಿ ಒಣಗಿದ್ದನ್ನು ಡೇಲಿಯಾ ಗಡ್ಡೆಗಳನ್ನು ಚಳಿಗಾಲಕ್ಕೆ ಪೆಟ್ಟಿಗೆಯಲ್ಲಿಡುವಾಗ ನಡುನಡುವೆ ತುಂಬಬಹುದು.

ಪಾಚಿಯನ್ನು ಮಜ್ಜಿಗೆಯ ಜೊತೆ ರುಬ್ಬಿ ಕಲ್ಲಿಗೆ ಬಳಿದರೆ ಪಾಚಿ ಬೆಳೆಯುತ್ತದೆ ಎನ್ನುವ ಉಪಾಯ ನಿಮಗೂ ಯಾರಾದರೂ ಹೇಳುತ್ತಾರೆ. ನನಗೆ ನಂಬಿಕೆ ಇಲ್ಲ. ಪಾಚಿಗೆ ಬೇಕಾದ್ದು ನೀರು, ನೆರಳು, ಅಲುಗಾಡದ ಜಾಗ. ಮಜ್ಜಿಗೆಯಿಂದ ಬೂಷ್ಟು ಬರುವ ಸಂಭವವೇ ಜಾಸ್ತಿ.

ಯಾವ ಕೆಲಸವೂ ಬೇಡ ಎನ್ನುವವರು ಒಂದು ಬುಟ್ಟಿಯಷ್ಟನ್ನು ಪೊದೆಯ ಹತ್ತಿರ ಸಡಿಲವಾಗಿ ಬಿಡಿ. ವಸಂತದ ಶುರುವಿನಲ್ಲಿ ಹಕ್ಕಿಗಳು ಗೂಡಿಗೆ ಒಯ್ಯುತ್ತವೆ. ಯೂರೋಪಿನಲ್ಲಿ ಬ್ಲೂ ಟಿಟ್, ಗ್ರೇಟ್ ಟಿಟ್ ಗೂಡಿನ ತಳವೇ ಪಾಚಿ. ಲಾಂಗ್ ಟೇಲ್ಡ್ ಟಿಟ್ ಎನ್ನುವ ಪುಟ್ಟ ಹಕ್ಕಿಯಂತೂ ಪಾಚಿಯನ್ನು ಜೇಡರ ಬಲೆಯಿಂದ ಹೆಣೆದು, ಹೊರಗೆ ಕಲ್ಲುಹೂ ಅಂಟಿಸಿ, ಒಳಗೆ ಸಾವಿರಕ್ಕೂ ಹೆಚ್ಚು ಗರಿ ತುಂಬುತ್ತದೆ. ಮರಿ ದೊಡ್ಡದಾದ ಹಾಗೆ ಆ ಗೂಡು ಹಿಗ್ಗುತ್ತದೆ! ಕಾರ್ಡರ್ ಜಾತಿಯ ಬಂಬಲ್‌ಬೀಗಳು (ರೋಮ ತುಂಬಿದ ದಪ್ಪ ಜೇನ್ನೊಣಗಳು) ನೆಲದ ಮೇಲಿನ ಗೂಡಿಗೆ ಪಾಚಿಯನ್ನೇ ಹೊದಿಸುತ್ತವೆ. ಆದ್ದರಿಂದ ಬೇಲಿಯಂಚಿನ ಉದ್ದ ಹುಲ್ಲಿನಲ್ಲಿ ಪಾಚಿಯ ಸಣ್ಣ ಗುಮ್ಮಟ ಕಂಡು, ಒಳಗಿಂದ ಗುಂಯ್ ಸದ್ದು ಬಂದರೆ ರೇಕ್ ಹಾಕಬೇಡಿ. ಔಷಧಿ ತಾಗಿದ ಪಾಚಿಯನ್ನು ಹಕ್ಕಿಗಳಿಗೆ ಇಡಲೇಬೇಡಿ, ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಪಾಚಿಯನ್ನು ಕೆಲಸಕ್ಕೆ ಹಚ್ಚುವುದು ಹೊಸದೇನಲ್ಲ. ಇಂಗ್ಲೆಂಡಿನ ಡೋವರ್‌ನಲ್ಲಿ 1992ರಲ್ಲಿ ಸಿಕ್ಕ ಸುಮಾರು 3500 ವರ್ಷ ಹಳೆಯ ದೋಣಿಯಲ್ಲಿ ಹಲಗೆಗಳ ಸಂದಿಗೆ ತುಂಬಿದ್ದು ಪಾಚಿ. ಮೊದಲ ಮಹಾಯುದ್ಧದಲ್ಲಿ ಹತ್ತಿ ಸಾಲದಾದಾಗ ಗಾಯಕ್ಕೆ ಕಟ್ಟಿದ್ದು ಸ್ಫ್ಯಾಗ್ನಮ್. ನೀವು ಲಾನ್ ಪಾಚಿಯನ್ನು ಗಾಯಕ್ಕೆ ಕಟ್ಟಲು ಹೋಗಬೇಡಿ. ಕೆರೆಯುವಾಗ ಕೈಗವಸು ಹಾಕಿಕೊಳ್ಳಿ, ಒಣ ಪಾಚಿ ಉಜ್ಜುವಾಗ ಧೂಳು ಮೂಗಿಗೆ ಹೋಗದಂತೆ ನೋಡಿ. ಬೆಕ್ಕು, ನಾಯಿ ಓಡಾಡಿದ ಲಾನ್ ಅದು.

ಮಾಡಬಾರದ್ದು ಎರಡು. ಸುಡಬೇಡಿ: ಒದ್ದೆ ಪಾಚಿ ಉರಿಯುವುದಕ್ಕಿಂತ ಹೊಗೆ ಕಾರುವುದೇ ಜಾಸ್ತಿ, ಅಕ್ಕಪಕ್ಕದವರ ದೂರು ಗ್ಯಾರಂಟಿ. ಬೇಲಿಯಾಚೆಯ ಕಾಡಿಗೋ ಹಳ್ಳಕ್ಕೋ ಸುರಿಯಬೇಡಿ. ಗಿಡದ್ದೇ ಕಸ ತಾನೇ ಅನಿಸಬಹುದು, ಆದರೆ ಅದರ ಜೊತೆ ತೋಟದ ಕಳೆ ಬೀಜವೂ ಹೋಗುತ್ತದೆ, ಎಷ್ಟೋ ದೇಶಗಳಲ್ಲಿ ದಂಡವೂ ಬೀಳುತ್ತದೆ.

ಇನ್ನು ಪ್ರತಿವರ್ಷ ಇದೇ ಗುಡ್ಡೆ ಬರುತ್ತಿದ್ದರೆ ಕಾರಣ ಹುಲ್ಲಿನ ಕಡೆ ಹುಡುಕಿ. ಪಾಚಿ ಹುಲ್ಲನ್ನು ಕೊಂದು ಬರುವುದಲ್ಲ, ಹುಲ್ಲು ಸೋತ ಜಾಗಕ್ಕೆ ಬರುವುದು. ಮರದ ನೆರಳು, ನೀರು ನಿಲ್ಲುವ ಗಟ್ಟಿ ನೆಲ, ತೀರಾ ಬುಡಕ್ಕೆ ಕತ್ತರಿಸುವುದು, ಗೊಬ್ಬರ ಇಲ್ಲದಿರುವುದು, ಇವೇ ಸಾಮಾನ್ಯ ಕಾರಣಗಳು. ಕತ್ತರಿಸುವ ಯಂತ್ರದ ಬ್ಲೇಡನ್ನು ಒಂದು ಹಂತ ಎತ್ತರಿಸಿ, ತೋಟದ ಫೋರ್ಕ್‌ನಿಂದ ನೆಲಕ್ಕೆ ಅಲ್ಲಲ್ಲಿ ತೂತು ಹಾಕಿ, ಬೋಳಾದ ಕಡೆ ಹುಲ್ಲಿನ ಬೀಜ ಚೆಲ್ಲಿ. ಪಾಚಿ ಇದೆ ಅಂದಮಾತ್ರಕ್ಕೆ ಮಣ್ಣು ಹುಳಿ ಎಂದು ಸುಣ್ಣ ಸುರಿಯಬೇಡಿ, ಮೊದಲು ಮಣ್ಣಿನ ಪಿಎಚ್ ನೋಡಿ. ಬಿಸಿಲೇ ಬೀಳದ ಮೂಲೆಯಾದರೆ ಹುಲ್ಲಿಗಾಗಿ ಹಠ ಬಿಟ್ಟು ಪಾಚಿಯನ್ನೇ ಇರಲು ಬಿಡುವುದು ಒಳ್ಳೆಯದು. ಕತ್ತರಿಸುವ ಕೆಲಸವಿಲ್ಲ, ಬಿದ್ದ ಎಲೆ ಗುಡಿಸಿದರೆ ಆಯಿತು. ಜಪಾನಿನ ಕ್ಯೋಟೋದಲ್ಲಿರುವ ಸೈಹೋಜಿ ದೇವಾಲಯದ ತೋಟದಲ್ಲಿ ಸುಮಾರು 120 ಬಗೆಯ ಪಾಚಿ ಇವೆ, ಅದನ್ನು ನೋಡಲು ಜನ ಮೊದಲೇ ಜಾಗ ಕಾದಿರಿಸಿ ಹೋಗುತ್ತಾರೆ. ಬಾಡಿಗೆ ಮನೆಯಾದರೆ ಮಾತ್ರ ಕೆರೆಯುವುದಕ್ಕೂ ಬಿಡುವುದಕ್ಕೂ ಮುಂಚೆ ಮಾಲೀಕರಿಗೆ ಒಂದು ಮಾತು ಹೇಳಿ. ಕೆರೆದ ಲಾನ್ ಮೊದಲ ಕೆಲವು ವಾರ ನೋಡಲು ಭಯಂಕರವಾಗಿರುತ್ತದೆ, ಹೇಳದೆ ಮಾಡಿದರೆ ಹುಲ್ಲು ಹಾಳು ಮಾಡಿದ್ದೀರಿ ಎಂದೇ ತಿಳಿಯುತ್ತಾರೆ.